ಬೋಲ್ಟಿನ ಹಣೆಗೆ ಕುಂಕುಮ

ಯಾವ ವಸ್ತು ಹೇಗೆ ಕೆಲಸ ಮಾಡುತ್ತದೆಂದು ನನಗೆ ಗೊತ್ತಿಲ್ಲವೋ ಅದಕ್ಕೆಲ್ಲ ನಾನು ಶುಕ್ರವಾರ ಕುಂಕುಮ ಇಡುತ್ತೇನೆ. ಒರಳುಕಲ್ಲಿನ ಕೆಲಸ ನನಗೆ ಗೊತ್ತು, ಅದಕ್ಕೆ ವರ್ಷಕ್ಕೊಮ್ಮೆ ಸಾಕು. ಗ್ಯಾಸ್ ಒಲೆ, ಫ್ರಿಜ್ಜು, ಗ್ರೈಂಡರು, ಟೆಲಿಫೋನು ಇವಕ್ಕೆ ವಾರ ತಪ್ಪುವುದಿಲ್ಲ. ನಮ್ಮ ಮನೆಗೆ ಬಂದು ಫೋನು ಮಾಡಿದವರ ಕಿವಿ ಕೆಂಪಾಗಿರುತ್ತದೆ. ನೋಡಿಯೂ ಹೇಳುವುದಿಲ್ಲ, ಒಳ್ಳೆಯದೇ ಆಗಲಿ ಎಂದು ಸುಮ್ಮನಿರುತ್ತೇನೆ. ಈ ಅಭ್ಯಾಸದಿಂದ ಯಾರಿಗೂ ತೊಂದರೆ ಇಲ್ಲವೆಂದೇ ನಂಬಿಕೊಂಡಿದ್ದೆ, ಕಾರಿನ ವಿಷಯ ಬರುವವರೆಗೆ.

ನಮ್ಮನೆಯವರದು ರೇಷ್ಮೆ ಸೀರೆ ವ್ಯಾಪಾರ. ನಮ್ಮೂರು ಹಿಂದೂಪುರದಲ್ಲಿ ಮಗ್ಗದವರಿಂದ ಸೀರೆ ತಂದು, ಗಂಟು ಕಟ್ಟಿ, ವಾರವಾರ ಕಲ್ಯಾಣದುರ್ಗದ ಅಂಗಡಿಗಳಿಗೆ ಕಾರಿನಲ್ಲಿ ಒಯ್ದು ಕೊಡುತ್ತಾರೆ. ಒಮ್ಮೆ ಸ್ಕೂಟರಿನಿಂದ ಬಿದ್ದು ಎಡಮಂಡಿ ಮುರಿಯಿತು. ಕೂಡಿದ ಮೇಲೆ ಕಾಲು ನಡೆಯುವುದಕ್ಕೆ ಬಂತು, ಕ್ಲಚ್ ತುಳಿಯುವುದಕ್ಕೆ ಬರಲಿಲ್ಲ. ನಡೆಯುವುದಕ್ಕಾದರೂ ಬಂತಲ್ಲ ಎಂದು ನಾನು ದೇವರಿಗೆ ತುಪ್ಪದ ದೀಪ ಹಚ್ಚಿದೆ. ಅವರಣ್ಣ, ಅಂದರೆ ನಮ್ಮ ಭಾವನವರು, ಕಾರು ಮಾರಿಬಿಡು, ಗಂಟನ್ನು ನಾನೇ ಬಸ್ಸಿಗೆ ಹಾಕಿಸುತ್ತೇನೆ, ನೀನು ಮನೆಯಲ್ಲಿ ಕೂತು ಬಂದವರಿಗೆ ನೀರು ಕೊಡು ಎಂದರು. ನಮ್ಮನೆಯವರು ಅಂದು ರಾತ್ರಿ ತಟ್ಟೆಯ ಮುಂದೆ ಕೂತು ಅನ್ನ ಮುಟ್ಟಲಿಲ್ಲ. ಕಲ್ಯಾಣದುರ್ಗದಲ್ಲಿ ಅವರನ್ನು ಜನ ಸಾವ್ಕಾರ್ರೇ ಎಂದು ಕರೆಯುತ್ತಾರೆ. ಮನೆಯಲ್ಲಿ ಹಾಗೆ ಕರೆಯುವವರು ಯಾರೂ ಇಲ್ಲ, ನಾನಂತೂ ಕರೆಯುವುದಿಲ್ಲ.

ಕೊನೆಗೆ, ಕಾಲಿನ ಬದಲು ತಾನೇ ಕ್ಲಚ್ ಒತ್ತುವ ಯಂತ್ರವನ್ನು ಇದ್ದ ಕಾರಿಗೇ ಕೂರಿಸುವವರು ಬೆಂಗಳೂರಿನಲ್ಲಿ ಸಿಕ್ಕಿದರು. ಗೇರಿನ ಗುಂಡಿನಲ್ಲಿ ಒಂದು ಸ್ವಿಚ್ಚು. ಅದನ್ನು ಹಿಡಿದರೆ ಬಾನೆಟ್ಟಿನ ಒಳಗಿನ ಡಬ್ಬಿಯಲ್ಲಿ ಮೋಟಾರು ತಿರುಗಿ ಎಣ್ಣೆಯನ್ನು ದೂಡುತ್ತದೆ, ಎಣ್ಣೆ ಹೋಗಿ ಕ್ಲಚ್ಚನ್ನು ಒತ್ತುತ್ತದೆ. ಕೈ ಬಿಟ್ಟರೆ ಕ್ಲಚ್ಚೂ ಬಿಡುತ್ತದೆ. ಕರೆಂಟು, ಎಣ್ಣೆ ಎರಡೂ ಸೇರಿ ಒಂದು ಮಂಡಿಯ ಕೆಲಸ. ನನಗೆ ಅರ್ಥವಾದದ್ದಿಷ್ಟೇ: ಆ ಡಬ್ಬಿಯೇ ಇನ್ನು ನನ್ನ ಗಂಡನ ಎಡಗಾಲು. ಅದಕ್ಕೆ ಪೂಜೆ ತಪ್ಪಿಸಲಾಗುತ್ತದೆಯೇ? ಆದರೆ ಡಬ್ಬಿಯ ಮೈ ಚಪ್ಪಟೆ, ಹಣೆ ಎನ್ನುವಂಥದ್ದು ಕಾಣಲಿಲ್ಲ. ಪಕ್ಕದಲ್ಲಿ ಒಂದು ತಂತಿಯನ್ನು ಕಾರಿನ ಮೈಗೆ ಬಿಗಿದಿದ್ದ ಬೋಲ್ಟಿನ ತಲೆ ಮಾತ್ರ ದುಂಡಗೆ, ಲಕ್ಷಣವಾಗಿ ಎದ್ದು ನಿಂತಿತ್ತು. ಪ್ರತಿ ಶುಕ್ರವಾರ ಅದಕ್ಕೆ ನೀರು ಚಿಮುಕಿಸಿ, ಅರಿಶಿನ ಕಲಸಿ ಬಳಿದು, ಮೇಲೆ ಕುಂಕುಮ ಇಟ್ಟು ಕೈ ಮುಗಿಯುತ್ತಿದ್ದೆ.

ವರ್ಷ ತುಂಬುವುದರೊಳಗೆ ಕಾಲು ಕೈಕೊಟ್ಟಿತು. ಮನೆಯಿಂದ ಹೊರಡುವಾಗ ಚೆನ್ನಾಗಿಯೇ ಇರುತ್ತಿತ್ತು. ದಾರಿಯಲ್ಲಿ ರೊದ್ದಂ ಊರು ದಾಟಿ ಇಂಜಿನ್ನು ಕಾದ ಮೇಲೆ ಗೇರು ಹಾಕಿದರೆ ಕರ್ರ್ ಎಂದು ಹಲ್ಲು ಕಡಿಯುವ ಸದ್ದು. ಕ್ಲಚ್ಚು ಅರ್ಧ ಒತ್ತಿ ಅಲ್ಲೇ ನಿಲ್ಲುತ್ತಿತ್ತು. ಹಿಂದಿನ ಸೀಟಿನಲ್ಲಿ ಗಂಟುಗಳ ನಡುವೆ ಕೂತ ನಾನು ಒಂದೊಂದು ಗೇರಿಗೂ ಆಂಜನೇಯನ ಹೆಸರು ಹೇಳುತ್ತಿದ್ದೆ. ಗುಡಿಯಲ್ಲಿ ಕೂತರೂ ನನ್ನ ಬಾಯಿಂದ ಅಷ್ಟು ನಾಮ ಬರುವುದಿಲ್ಲ.

ಹಿಂದೂಪುರದ ಕರೆಂಟು ಕೆಲಸದ ಮಸ್ತಾನಣ್ಣ ಮೋಟಾರಿನ ತಂತಿ ಕಿತ್ತು, ಅಲ್ಲಿಗೆ ಒಂದು ಪುಟ್ಟ ಬಲ್ಬು ಸಿಕ್ಕಿಸಿ, ಗುಂಡನ್ನು ಹಿಡಿಯಲು ಹೇಳಿದ. ಬಲ್ಬು ಹತ್ತಿತು. ಕರೆಂಟಿನ ತಪ್ಪಲ್ಲ, ಎಣ್ಣೆಯವರನ್ನು ಕೇಳಿ ಎಂದ. ಕಲ್ಯಾಣದುರ್ಗದ ಬ್ರೇಕು, ಕ್ಲಚ್ಚಿನ ಮೆಕ್ಯಾನಿಕ್ಕು ಓಬಳೇಸು ಎಣ್ಣೆ ಬದಲಾಯಿಸಿದ, ಪೈಪಿನಲ್ಲಿ ಸಿಕ್ಕಿಕೊಂಡ ಗಾಳಿ ತೆಗೆದ, ಎಲ್ಲೂ ಸೋರುತ್ತಿಲ್ಲವೆಂದು ಕಾರಿನಡಿ ಬಟ್ಟೆ ಹಾಸಿ ತೋರಿಸಿದ. ಎಣ್ಣೆಯ ತಪ್ಪಲ್ಲ, ಕರೆಂಟಿನವರನ್ನು ಕೇಳಿ ಎಂದ. ಹೀಗೆ ನಮ್ಮ ಕಾರು ಎರಡೂ ಊರಿಗೆ ಬೀಗರ ಜಗಳದಲ್ಲಿ ಸಿಕ್ಕ ಸೊಸೆಯ ಹಾಗೆ ಓಡಾಡಿತು. ಇಬ್ಬರೂ ಒಳ್ಳೆಯವರು, ಇಬ್ಬರ ಮಾತೂ ಸರಿ, ಸದ್ದು ಮಾತ್ರ ಹಾಗೇ ಇತ್ತು.

ಭಾವನವರು ಬಂದು ಜಗಲಿಯ ಮೇಲೆ ಕೂತು ಕಾಫಿ ಕುಡಿದು ಹೇಳಿದರು: "ನೋಡಪ್ಪ, ಕಾರಿಗೆ ಗಿರಾಕಿ ಗೊತ್ತು ಮಾಡಿವ್ನಿ. ಸೋಮವಾರ ನಾನೂ ನಿನ್ನ ಜತೆ ಕಲ್ಯಾಣದುರ್ಗಕ್ಕೆ ಬತ್ತೀನಿ. ದಾರೀಲಿ ಒಂದೇ ಒಂದು ಸಲ ಕರ್ರ್ ಅಂದ್ರೆ, ಅಲ್ಲೇ ಬೀಗದ ಕೈ ಕೊಟ್ಬುಡು."

ನಮ್ಮನೆಯವರು ಆಗಲಿ ಎಂದರು. ಆ ಆಗಲಿಯಲ್ಲಿ ಪ್ರಾಣವಿರಲಿಲ್ಲ.

ಸೋಮವಾರಕ್ಕೆ ಮುಂಚೆ ಉಳಿದದ್ದು ಒಂದೇ ಶುಕ್ರವಾರ. ಬೆಳಿಗ್ಗೆ ಎಂದಿನಂತೆ ಪೂಜೆ ಮುಗಿಸಿ, ಇಂಜಿನ್ನು ಕಾಯಲೆಂದು ಊರ ಹೊರಗೆ ಒಂದು ಸುತ್ತು ಹಾಕಿ, ಕಾರಿನ ಜೊತೆ ನಾನೂ ಮಸ್ತಾನಣ್ಣನ ಅಂಗಡಿಗೆ ಹೋದೆ. ಆತ ಮತ್ತೆ ಅದೇ ಬಲ್ಬು ಹಚ್ಚಿ, ಅದೇ ಮಾತು ಹೇಳಿದ. ಸ್ಟೂಲಿನ ಮೇಲೆ ಸುಮ್ಮನೆ ಕೂತಿದ್ದ ನನಗೆ ಆ ಬಲ್ಬು ನೋಡಿ ಮನೆಯ ಗ್ರೈಂಡರು ನೆನಪಾಯಿತು.

"ಬಲ್ಬು ಹತ್ತಿದ್ರೆ ಸಾಕಾ ಮಸ್ತಾನಣ್ಣ? ನಮ್ಮ ಬೀದೀಲಿ ಸಂಜೆ ಲೋ ವೋಲ್ಟೇಜು. ಬಲ್ಬು ಹತ್ತುತ್ತೆ, ಗ್ರೈಂಡರ್ ಕಲ್ಲು ಅಲ್ಲಾಡಲ್ಲ. ದೋಸೆಹಿಟ್ಟು ಅರ್ಧಕ್ಕೇ ನಿಂತೋಯ್ತದೆ."

ಆತ ಬಾಯಲ್ಲಿದ್ದ ಎಲೆಅಡಿಕೆ ಅಗಿಯುವುದನ್ನು ನಿಲ್ಲಿಸಿದ. ಒಂದು ದಪ್ಪ ತಂತಿ ತಂದು, ಬ್ಯಾಟರಿಯ ಮೈನಸ್ಸಿನಿಂದ ಸೀದಾ ಮೋಟಾರಿಗೆ ಹಿಡಿದ. ನಮ್ಮನೆಯವರು ಗುಂಡು ಹಿಡಿದರೆ ಮೋಟಾರು ಹೊಸದರ ಹಾಗೆ ಗುಂಯ್ ಎಂದಿತು. ತಂತಿ ತೆಗೆದರೆ ಮತ್ತೆ ನರಳಾಟ.

"ಕರೆಂಟು ಬರೋ ದಾರಿ ಚೆನ್ನಾಗೈತೆ ಅಕ್ಕ. ವಾಪಸ್ ಹೋಗೋ ದಾರಿ ಕಟ್ಕೊಂಡೈತೆ. ಅರ್ತಿಂಗು," ಎಂದ. ಬಲ್ಬಿಗೆ ಬೇಕಾದದ್ದು ಒಂದು ಚೂರು ಕರೆಂಟು, ಮೋಟಾರಿಗೆ ಬೇಕಾದದ್ದು ರಾಶಿ ಎಂದೂ ಹೇಳಿದ.

ಎಲ್ಲಾ ಬಿಚ್ಚಿ ನೋಡಿದೆ ಅಂದಿದ್ದೆಯಲ್ಲ ಎಂದು ನಮ್ಮನೆಯವರು ಕೇಳಿದರು.

"ಎಲ್ಲಾ ಬಿಚ್ಚಿವ್ನಿ ಸಾವ್ಕಾರ್ರೇ. ಆ ಬೋಲ್ಟು ಒಂದು ಬುಟ್ಟು."

"ಅದ್ಯಾಕೆ ಬುಟ್ಟೆ?"

"ಅದು ದೇವರಲ್ವಾ. ಅಕ್ಕ ಪೂಜೆ ಮಾಡವ್ರೆ. ನಾನೆಂಗೆ ಸ್ಪ್ಯಾನರ್ ಹಾಕ್ಲಿ?"

ನಮ್ಮನೆಯವರು ಅಲ್ಲಿಂದಲೇ ಓಬಳೇಸುವಿಗೆ ಫೋನು ಮಾಡಿದರು. ಆ ಬೋಲ್ಟಾ, ನೋಡಿದ್ದೆ, ದಂಡಂ ಪೆಟ್ಟಿ, ನಮಸ್ಕಾರ ಹಾಕಿ ಪಕ್ಕಕ್ಕೆ ಸರಿದಿದ್ದೆ ಎಂದನಂತೆ ಅವನೂ. ಎರಡು ಊರಿನ ಇಬ್ಬರು ಮೆಕ್ಯಾನಿಕ್ಕುಗಳು ಕಾರನ್ನೆಲ್ಲ ಜಾಲಾಡಿ, ದೋಷವಿದ್ದ ಜಾಗಕ್ಕೆ ಮಾತ್ರ ಕೈ ಮುಗಿದು ಬಂದಿದ್ದರು.

ಈಗಲೂ ಮಸ್ತಾನಣ್ಣ ಸ್ಪ್ಯಾನರು ಹಿಡಿದು ದೂರವೇ ನಿಂತಿದ್ದ. ನೀವೇ ಒರೆಸಿಕೊಡಿ, ಆಮೇಲೆ ನನ್ನ ಕೆಲಸ ಎಂದ. ನಾನು ಹೇಗೆ ಒರೆಸಲಿ? ಶುಕ್ರವಾರ, ಬೆಳಿಗ್ಗೆ ಇಟ್ಟ ಕುಂಕುಮ, ಅದೂ ಗಂಡನ ಕಾಲೆಂದು ಇಟ್ಟದ್ದು. ಮುತ್ತೈದೆಯಾದವಳು ನಡುಬೀದಿಯಲ್ಲಿ ಅದನ್ನು ಅಳಿಸುವುದೆಂದರೆ ಕೈ ಏಳಲಿಲ್ಲ. ಶನಿವಾರ ಬರುತ್ತೇವೆ ಎನ್ನೋಣವೆಂದರೆ ಮಸ್ತಾನಣ್ಣ ಆ ರಾತ್ರಿಯೇ ಮದುವೆಗೆಂದು ಊರಿಗೆ ಹೊರಟಿದ್ದ. ನಮ್ಮನೆಯವರು ಎಡಮಂಡಿಯನ್ನು ಸವರಿಕೊಳ್ಳುತ್ತ ರಸ್ತೆಯ ಕಡೆ ನೋಡುತ್ತ ನಿಂತರು. ಬೈದಿದ್ದರೆ ನಾನೂ ಒಂದು ಮಾತು ಆಡಿ ಮನೆಗೆ ಹೋಗಿಬಿಡುತ್ತಿದ್ದೆನೇನೋ.

"ಪೂಜಾರಪ್ಪ ಅಭಿಷೇಕಕ್ಕೆ ಮುಂಚೆ ದೇವರ ಕುಂಕುಮ ತೆಗೆಯಲ್ವಾ? ಹಂಗೆ ಅಂದ್ಕೊಂತೀನಿ. ಒಂದು ಚೊಂಬು ನೀರು ಕೊಡಪ್ಪ," ಎಂದೆ.

"ನೀರು ಬ್ಯಾಡ ಅಕ್ಕ. ನೀರಿಂದಾನೇ ಇಷ್ಟಾಗಿರೋದು," ಎಂದು ಒಂದು ಮುಚ್ಚಳದಲ್ಲಿ ಪೆಟ್ರೋಲು ತಂದುಕೊಟ್ಟ.

ವೆಂಕಟರಮಣನನ್ನು ನೆನೆದು ಪೆಟ್ರೋಲಿನಲ್ಲಿ ಅಭಿಷೇಕ ಮಾಡಿದೆ. ಕುಂಕುಮ ಹೋಯಿತು, ಅದರಡಿ ಅರಿಶಿನ, ಅದರಡಿ ಹೋದ ವಾರದ ಕುಂಕುಮ. ಎಲ್ಲಕ್ಕಿಂತ ಕೆಳಗೆ ಹಸಿರು, ಬಿಳಿ, ಕಂದು ಬಣ್ಣದ ಕಿಲುಬು ತುಕ್ಕುಗಳು ಮೈಸೂರುಪಾಕಿನ ಹಾಗೆ ಗೂಡುಗೂಡಾಗಿ ಕೂತಿದ್ದವು. ಮಸ್ತಾನಣ್ಣ ಆಗ ಬೋಲ್ಟು ಬಿಚ್ಚಿ ಉಪ್ಪುಕಾಗದದಲ್ಲಿ ಉಜ್ಜಿದ. ಅದು ಕಾಲುಂಗುರದ ಹಾಗೆ ಬೆಳ್ಳಗಾದದ್ದು ಕಂಡು ನನಗೆ ಹೋದ ಜೀವ ಬಂದಂತಾಯಿತು. ಮತ್ತೆ ಬಿಗಿದು ಮೇಲೆ ಗ್ರೀಸು ಬಳಿದ. ಬಳಿಯುವಾಗ ಅವನೂ ಉಂಗುರದ ಬೆರಳನ್ನೇ ಬಳಸಿದ್ದನ್ನು ನೋಡಿದೆ.

ಸೋಮವಾರ ಭಾವನವರು ಮುಂದಿನ ಸೀಟಿನಲ್ಲಿ, ಗೇರಿನ ಕಡೆಗೇ ಕಿವಿಯಿಟ್ಟು ಕೂತರು. ನಾನು ಹಿಂದೆ ಗಂಟುಗಳ ನಡುವೆ. ಮೊದಲ ಕೆಲವು ಗೇರಿಗೆ ಆಂಜನೇಯನನ್ನು ಕರೆದದ್ದು ನೆನಪಿದೆ. ಗೇರು ಬೆಣ್ಣೆಯಲ್ಲಿ ಚಾಕು ಇಳಿದ ಹಾಗೆ ಇಳಿಯುತ್ತಿತ್ತು. ರೊದ್ದಂ ಬಂದಿತೋ ಹೋಯಿತೋ ನನಗೆ ತಿಳಿಯದು.

ಎಚ್ಚರವಾದಾಗ ಕಾರು ಕಲ್ಯಾಣದುರ್ಗದ ಸೀರೆ ಅಂಗಡಿಯ ಮುಂದೆ ನಿಂತಿತ್ತು. ಅಣ್ಣತಮ್ಮಂದಿರು ಎದುರಿನ ಹೋಟೆಲಿನಲ್ಲಿ ಟೀ ಕುಡಿಯುತ್ತಿದ್ದರು. ಕಾರಿನ ಬೀಗದ ಕೈ ನಮ್ಮನೆಯವರ ಬೆರಳಲ್ಲಿ ತಿರುಗುತ್ತಿತ್ತು. ಭಾವನವರು ಏನಂದರು ಎಂದು ಆಮೇಲೆ ಕೇಳಿದೆ. ಗಿರಾಕಿಗೆ ಬೇರೆ ಕಾರು ನೋಡಿಕೊಡುತ್ತಾರಂತೆ. ಮತ್ತೆ ಇಷ್ಟು ಹೇಳಿದರಂತೆ: "ಗೇರಿನ ಸದ್ದು ಹೋಯ್ತು ಕಣಪ್ಪ, ಒಪ್ಕೊಂಡೆ. ದಾರಿ ಉದ್ದಕ್ಕೂ ಹಿಂದಿನ ಸೀಟಿಂದ ಒಂದು ಸದ್ದು ಬತ್ತಾ ಇತ್ತಲ್ಲ, ಅದು ಕರೆಂಟಿಂದೋ ಎಣ್ಣೇದೋ ಒಂದ್ಸಲ ತೋರ್ಸು."

ಭಗವಂತ ಗಂಡನ ಕಾಲು ಉಳಿಸಿಕೊಟ್ಟ ದಿನವೇ ಅವನ ಹೆಸರು ಹೇಳದೆ ಅಷ್ಟು ದೂರ ಬಂದುಬಿಟ್ಟಿದ್ದೆನಲ್ಲ ಎಂದು ನನಗೆ ನಾಚಿಕೆಯಾಯಿತು. ಬಾಕಿ ಉಳಿದ ನಾಮಗಳನ್ನೆಲ್ಲ ವಾಪಸು ಬರುವಾಗ ಹೇಳಿ ಮುಗಿಸೋಣವೆಂದು ಕಾರು ಹತ್ತಿ, ಕೈ ಮುಗಿದು, ಕಣ್ಣು ಮುಚ್ಚಿದೆ. ಹಿಂದೂಪುರದಲ್ಲಿ ಎಬ್ಬಿಸಿದರು.