ನಮ್ಮ ಮನೆಯ ಕೋಚೂ ಅಟ್ಟದ ಸೂಟ್‌ಕೇಸೂ

ಮನೆಯಲ್ಲಿ ಒಬ್ಬ ಫುಟ್‌ಬಾಲ್ ಕೋಚ್ ಇದ್ದರೆ ನಗುವ ಪ್ರಸಂಗಗಳನ್ನು ಹುಡುಕಿಕೊಂಡು ಹೋಗಬೇಕಾಗಿಲ್ಲ. ತಾವಾಗಿಯೇ ಬಂದು ಬಾಗಿಲು ಬಡಿಯುತ್ತವೆ. ಕಷ್ಟವೆಂದರೆ, ಬಡಿಯುವಾಗ ಅದು ನಗುವ ಪ್ರಸಂಗವೆಂದು ಗೊತ್ತಾಗುವುದಿಲ್ಲ. ಮೊದಲು ಎದೆ ಧಸಕ್ಕೆನ್ನುತ್ತದೆ. ನಗು ಆಮೇಲೆ.

ನಾನು ಕಾಚಿಗೂಡ ಕಡೆಯ ಶಾಲೆಯೊಂದರಲ್ಲಿ ಗಣಿತ ಕಲಿಸುತ್ತೇನೆ. ಮನೆ ಹಿಮಾಯತ್‌ನಗರದ ಒಳಗಲ್ಲಿಯಲ್ಲಿ. ಹೆಂಡತಿ ತೀರಿಕೊಂಡ ಮೇಲೆ ಅವಳ ತಮ್ಮ ಈ ಊರಿನ ವೃತ್ತಿಪರ ತಂಡವೊಂದಕ್ಕೆ ಮುಖ್ಯ ಕೋಚ್ ಆಗಿ ಬಂದ. ನನ್ನ ಮನೆಯಲ್ಲೇ ಉಳಿದ. ಅವನ ಜೊತೆ ಅತ್ತೆಯವರೂ ಬಂದರು. ಬಂದ ದಿನವೇ ಅವರು ಹೇಳಿದ್ದರು: “ಮಗಳೇ ಇಲ್ಲದ ಮ್ಯಾಲೆ ಅಳಿಯನ ಮನ್ಯಾಗ ಇರೂದು ರೂಢಿ ಅಲ್ರಿ. ಮಗ ಇರೂತನಾ ಇರ್ತೀನಿ.”

ಲೆಕ್ಕ ಸರಳವಾಗಿದೆ. ತಂಡ ಸೋಲುತ್ತ ಹೋದರೆ ಕೋಚ್ ಹೋಗುತ್ತಾನೆ, ಕೋಚ್ ಹೋದರೆ ಅತ್ತೆಯವರು ಹೋಗುತ್ತಾರೆ, ಮನೆಯಲ್ಲಿ ನಾನೂ ಗೋಡೆಯ ಮೇಲಿನ ಹೆಂಡತಿಯ ಫೋಟೋನೂ ಉಳಿಯುತ್ತೇವೆ. ಹಾಗಾಗಿ ನಮ್ಮ ತಂಡ ಗೋಲು ಬಿಟ್ಟುಕೊಟ್ಟಾಗ ಗಚ್ಚಿಬೌಲಿಯ ಮೈದಾನದಲ್ಲಿ ಬಲೆ ಅಲುಗುತ್ತದೆ, ಹಿಮಾಯತ್‌ನಗರದಲ್ಲಿ ನಾನು ಅಲುಗುತ್ತೇನೆ.

ಚಹಾದಂಗಡಿಯ ನಂಟು

ಗಲ್ಲಿಯ ಮೂಲೆಯಲ್ಲಿ ಇರಾನಿ ಚಹಾದಂಗಡಿ ಇದೆ. ಅದರ ಮಾಲೀಕರು ಫುಟ್‌ಬಾಲ್ ಬಲ್ಲವರು. ಕನಿಷ್ಠ ಕೋಚ್‌ಗಳನ್ನು ಬಲ್ಲವರು. ಕೋಚ್ ನಿಂತುಕೊಂಡೇ ಆಟ ನೋಡಿದರೆ “ಗಾಬರಿಯಾಗಿದ್ದಾನೆ” ಎನ್ನುತ್ತಾರೆ. ಕುಳಿತರೆ “ಕಾಳಜಿಯೇ ಇಲ್ಲ” ಎನ್ನುತ್ತಾರೆ. ಒಮ್ಮೆ ಅವನು ಅರ್ಧ ಎದ್ದು ಅರ್ಧ ಕುಳಿತಂತೆ ಇದ್ದದ್ದನ್ನು ನೋಡಿ, “ಅವನಿಗೆ ಒಂದು ನಿರ್ಧಾರ ತಗೊಳ್ಳೋಕೆ ಬರಲ್ಲ” ಎಂದರು.

ನಾನು ಮೊದಮೊದಲು ಪಂದ್ಯ ನೋಡುವ ಧೈರ್ಯವಿಲ್ಲದೆ, ಮರುದಿನ ಬೆಳಿಗ್ಗೆ ಅವರ ಅಂಗಡಿಗೆ ಹೋಗಿ ಫಲಿತಾಂಶ ತಿಳಿದುಕೊಳ್ಳುತ್ತಿದ್ದೆ. ಕೇಳುವ ಅಗತ್ಯವೂ ಇರಲಿಲ್ಲ. ತಂಡ ಗೆದ್ದಿದ್ದರೆ ದೂರದಿಂದಲೇ ಕೂಗುತ್ತಿದ್ದರು: “ಬನ್ನಿ ಮಾಸ್ಟರ್ ಸಾಬ್, ನಮ್ಮ ಕೋಚ್ ಏನು ಆಡಿಸಿದ!” ಸೋತಿದ್ದರೆ ಕಪ್ಪು ತೊಳೆಯುತ್ತ, “ನಿಮ್ಮ ಭಾವಮೈದ ಮಾಡಿದ್ದು ನೋಡಿದಿರಾ?” ಎನ್ನುತ್ತಿದ್ದರು.

ಒಂದು ದಿನ ಅವರು ಎರಡೂ ಹೇಳಲಿಲ್ಲ. ಚಹಾ ತಂದಿಟ್ಟರು, ಸ್ವಲ್ಪ ಹೊತ್ತು ಯೋಚಿಸಿದರು. ನಾನು ಅದ್ದಿದ ಬಿಸ್ಕತ್ತು ಚಹಾದಲ್ಲೇ ಮುಳುಗಿತು. ಕೊನೆಗೆ ಹೇಳಿದರು: “ನಿನ್ನೆ ನಿಮ್ಮ ಅತ್ತೆಯವರ ಮಗ ಪರವಾಗಿಲ್ಲ.”

ಪಂದ್ಯ ಡ್ರಾ ಆಗಿತ್ತು.

ನ್ಯಾಯವಾದ ಮೌಲ್ಯಮಾಪನ

ಶಾಲೆಯ ಸಿಬ್ಬಂದಿ ಕೋಣೆಯಲ್ಲಿ ತೆಲುಗು ಕಲಿಸುವ ಸಹೋದ್ಯೋಗಿಯೊಬ್ಬರಿದ್ದಾರೆ. ಅವರು ಒಮ್ಮೆ ಕೇಳಿದರು: “ನಿಮ್ಮವರು ಒಳ್ಳೆಯ ಕೋಚಾ, ಅಲ್ಲವಾ? ಒಂದೇ ಮಾತಲ್ಲಿ ಹೇಳಿ.”

ಒಂದೇ ಮಾತಿನಲ್ಲಿ ಹೇಳುವುದು ನನಗೆ ಒಗ್ಗದು. ಜಾಣ ಮಕ್ಕಳನ್ನೇ ಆರಿಸಿಕೊಂಡ ತರಗತಿಯ ಫಲಿತಾಂಶವನ್ನೂ, ಮಗ್ಗಿ ಬಾರದವರನ್ನು ದಡ ಮುಟ್ಟಿಸಿದ ತರಗತಿಯ ಫಲಿತಾಂಶವನ್ನೂ ಒಂದೇ ತಕ್ಕಡಿಯಲ್ಲಿ ತೂಗಲಾಗುತ್ತದೆಯೇ? ಕೋಚನ್ನೂ ಹಾಗೆಯೇ ನೋಡಬೇಕು. ಗಾಯಗೊಂಡವರು ಯಾರು, ಎದುರಾಳಿ ಎಷ್ಟು ಬಲಶಾಲಿ, ಪಂದ್ಯ ಯಾರ ಊರಿನಲ್ಲಿ ನಡೆಯಿತು, ಸೃಷ್ಟಿಸಿದ ಅವಕಾಶಗಳೆಷ್ಟು, ಅದೃಷ್ಟದಿಂದ ಬಂದ ಗೋಲು ಯಾವುದು, ಇದೆಲ್ಲ ಸೇರಬೇಕು. ಭಾನುವಾರವಿಡೀ ಕುಳಿತು ಲೆಕ್ಕ ಹಾಕಿದೆ. ಈ ತಂಡದಿಂದ ಎಷ್ಟು ನಿರೀಕ್ಷಿಸಬಹುದೋ ಅದಕ್ಕಿಂತ ಹೆಚ್ಚನ್ನೇ ಅವನು ತೆಗೆದಿದ್ದ. ನನಗೆ ಎಷ್ಟೋ ದಿನಗಳ ನಂತರ ಉಸಿರು ಸರಾಗವಾಯಿತು.

ಸಂಜೆ ಅವನು ಬಂದಾಗ ತೋರಿಸಿದೆ. ನಿಧಾನವಾಗಿ ಓದಿದ. ಮುಖ ಸಣ್ಣದಾಯಿತು.

“ಮಾಮಾ,” ಎಂದ. ನಮ್ಮ ಕಡೆ ಅಕ್ಕನ ಗಂಡನನ್ನು ಹಾಗೆ ಕರೆಯುತ್ತಾರೆ. “ಇದನ್ನ ನಮ್ಮ ಮಾಲಕರಿಗೆ ತೋರಸಬ್ಯಾಡ್ರಿ.”

“ಯಾಕಪ್ಪಾ? ನೀನು ಒಳ್ಳೆಯ ಕೋಚ್ ಅಂತ ಸಿದ್ಧವಾಗಿದೆಯಲ್ಲ?”

“ಆಗೇತ್ರಿ. ಆದರ ಇದೇ ಲೆಕ್ಕ ಹಿಡದ್ರ ಹ್ವಾದ ವರ್ಷದ ಕೋಚ್ ನನಕಿಂತ ಛಲೋ ಆಗ್ತಾನ. ಅವನ್ನ ತಗದಾರ.”

ಪೂರ್ಣ ವಿಶ್ವಾಸ

ಒಂದು ಬೆಳಿಗ್ಗೆ ಪತ್ರಿಕೆ ತೆರೆದಾಗ ತಂಡದ ಅಧ್ಯಕ್ಷರ ಹೇಳಿಕೆ ಕಂಡಿತು. ತಂಡ ಎರಡು ಪಂದ್ಯ ಸೋತಿತ್ತು, ಆದರೂ ಅವರು ಹೇಳಿದ್ದರು, “ನಮ್ಮ ಕೋಚ್ ಮೇಲೆ ನಮಗೆ ಪೂರ್ಣ ವಿಶ್ವಾಸವಿದೆ.” ನನಗೆ ಕಣ್ಣು ತುಂಬಿತು. ಅಡುಗೆಮನೆಗೆ ಕೇಳಿಸುವಂತೆ ಗಟ್ಟಿಯಾಗಿ ಓದಿದೆ.

ಭಾವಮೈದ ಉಪ್ಪಿಟ್ಟಿನ ತಟ್ಟೆ ಕೆಳಗಿಟ್ಟ. ಎದ್ದು ಕುರ್ಚಿ ಹತ್ತಿ, ಅಟ್ಟದಿಂದ ಸೂಟ್‌ಕೇಸ್ ಇಳಿಸಿದ. ಒದ್ದೆ ಬಟ್ಟೆಯಿಂದ ಧೂಳು ಒರೆಸತೊಡಗಿದ.

“ಏನಿದು?” ಎಂದೆ.

“ನಾಕು ಊರಾಗ ತಗದಾರ್ರಿ ನನ್ನ. ನಾಕೂ ಕಡೆ ಮೊದಲು ಇದss ಮಾತು ಹೇಳ್ಯಾರ. ಬೈದ್ರ ಚಿಂತಿ ಇಲ್ರಿ, ಕೆಲಸ ಉಳೀತೈತಿ. ವಿಶ್ವಾಸ ಅಂದ್ರು ಅಂದ್ರ ಮುಗೀತು.”

ಅತ್ತೆಯವರು ಬಾಗಿಲಲ್ಲಿ ನಿಂತು ಕೇಳಿಸಿಕೊಂಡರು. ಸೆರಗಿನಿಂದ ಕೈ ಒರೆಸಿಕೊಂಡು ಒಳಗೆ ಹೋದರು. ತಾವು ಊರಿನಿಂದ ತಂದಿದ್ದ ಹಿತ್ತಾಳೆಯ ಡಬ್ಬಿಯನ್ನು ಕಪಾಟಿನಿಂದ ತೆಗೆದು ಕೆಳಗಿಟ್ಟ ಸದ್ದು ಕೇಳಿಸಿತು.

ಆ ದಿನ ಶಾಲೆಗೆ ಹೋಗಿ ಹಾಜರಿ ಹಾಕುತ್ತಿದ್ದಾಗ ಮುಖ್ಯೋಪಾಧ್ಯಾಯಿನಿ ಬಂದು ನಕ್ಕರು. “ಹತ್ತನೇ ತರಗತಿಯನ್ನು ನಿಮಗೇ ಕೊಡ್ತಿದೀನಿ ಸರ್. ನಿಮ್ಮ ಮೇಲೆ ನನಗೆ ಪೂರ್ಣ ವಿಶ್ವಾಸ.”

ಆಮೇಲೆ ನನ್ನನ್ನು ಹಿಡಿದು ಕುರ್ಚಿಯಲ್ಲಿ ಕೂರಿಸಿ ನೀರು ಕೊಟ್ಟವರೂ ಅವರೇ.

ರೊಟ್ಟಿಯ ಅಳತೆ

ಆ ಸಲ ಅವನನ್ನು ತೆಗೆಯಲಿಲ್ಲ. ಮುಂದಿನ ಪಂದ್ಯ ಗೆದ್ದ. ಆದರೆ ಸೂಟ್‌ಕೇಸ್ ಮತ್ತೆ ಅಟ್ಟ ಹತ್ತಲಿಲ್ಲ. ಮಂಚದ ಕೆಳಗೇ ಉಳಿಯಿತು.

ನನ್ನ ಹೆಂಡತಿಗೆ ತಮ್ಮನನ್ನು ಅಳೆಯುವ ತನ್ನದೇ ರೀತಿಯಿತ್ತು. ಸ್ಕೋರು ನೋಡುತ್ತಿರಲಿಲ್ಲ. “ಆಟದ ನಡುವ ಹೊರಗ ಕರೆಸಿಕೊಂಡ ಹುಡುಗ ಇವನ ಕೈ ಹಿಡೀತಾನೋ, ಮಾರಿ ತಿರುವಿಕೊಂಡು ಹೋಗ್ತಾನೋ, ಅಷ್ಟು ನೋಡ್ರಿ,” ಎನ್ನುತ್ತಿದ್ದಳು. ಈಗ ನಾನೂ ಟಿವಿಯ ಮುಂದೆ ಕುಳಿತು ಅದನ್ನೇ ನೋಡುತ್ತೇನೆ. ಹೆಚ್ಚಿನವರು ಹಿಡಿಯುತ್ತಾರೆ.

ಅತ್ತೆಯವರು ಟಿವಿ ಕಡೆ ಬರುವುದೇ ಇಲ್ಲ. ಮಗ ಹೊರಡುವಾಗ ಅಂಗೈಗೆ ಮೊಸರು-ಸಕ್ಕರೆ ಹಾಕುತ್ತಾರೆ, ಪಂದ್ಯ ಮುಗಿಯುವವರೆಗೆ ದೇವರ ಮನೆಯಲ್ಲಿ ಬಾಗಿಲು ಹಾಕಿಕೊಳ್ಳುತ್ತಾರೆ, ಅವನು ಬಂದಾಗ ರೊಟ್ಟಿ ಬಡಿಯುತ್ತಾರೆ. ಫಲಿತಾಂಶ ಕೇಳುವುದಿಲ್ಲ, ಬಡಿಸುತ್ತ ತಿಳಿದುಕೊಳ್ಳುತ್ತಾರೆ. ಗೆದ್ದ ದಿನ ಅವನಿಗೆ ಖುಷಿಯಲ್ಲಿ ಊಟ ಸೇರುವುದಿಲ್ಲ, ಒಂದೇ ರೊಟ್ಟಿಗೆ ಏಳುತ್ತಾನೆ. ಸೋತ ದಿನ ತಲೆ ತಗ್ಗಿಸಿ ಐದು ತಿನ್ನುತ್ತಾನೆ.

ಹೀಗಾಗಿ ತಾಯಿಗೆ ಸಂಕಟ. ಒಮ್ಮೆ ದೇವರ ಮುಂದೆ ಅವರು ಬೇಡಿಕೊಳ್ಳುವುದು ನನ್ನ ಕಿವಿಗೆ ಬಿತ್ತು. “ಅವನ ತಂಡ ಗೆಲ್ಲಸು ತಂದೀ. ಆದರ ಸೋತಾರ ಅಂತ ಅವಗ ಹೇಳು.”

ಶಾಲು ಮತ್ತು ಹಣ್ಣಿನ ಬುಟ್ಟಿ

ಈಚೆಗೆ ತಂಡ ಸಾಲಾಗಿ ಮೂರು ಪಂದ್ಯ ಸೋತಿತು. ಮೂರನೆಯದರ ಮರುದಿನ ಸಂಜೆ ನಮ್ಮ ಗಲ್ಲಿಗೆ ಹಿಡಿಸದಷ್ಟು ದೊಡ್ಡ ಕಾರು ಬಂದು ನಿಂತಿತು. ಇಳಿದವರು ತಂಡದ ಅಧ್ಯಕ್ಷರೇ. ಕೈಯಲ್ಲಿ ಜರಿ ಅಂಚಿನ ಶಾಲು. ಹಿಂದೆ ಡ್ರೈವರ್; ಅವನ ಕೈಯಲ್ಲಿ ಬಣ್ಣದ ಕಾಗದ ಸುತ್ತಿದ ಹಣ್ಣಿನ ಬುಟ್ಟಿ.

ನಾನು ಮೇಷ್ಟ್ರು. ಶಾಲು, ಹಣ್ಣಿನ ಬುಟ್ಟಿ ಎರಡೂ ಒಟ್ಟಿಗೆ ಯಾರ ಮುಂದೆ ಬರುತ್ತವೆ ಎಂದು ನನಗೆ ಗೊತ್ತು. ನಮ್ಮ ಶಾಲೆಯಲ್ಲಿ ಅವು ಬಂದ ಮರುದಿನದಿಂದ ಆ ವ್ಯಕ್ತಿ ಬರುವುದಿಲ್ಲ. ಭಾವಮೈದ ಎದ್ದು ನಿಂತ, ಅಂಗಿಯ ಗುಂಡಿ ಸರಿಮಾಡಿಕೊಂಡ, ಅಭ್ಯಾಸವಿದ್ದವನು.

ಅತ್ತೆಯವರು ಚಹಾ ಹಿಡಿದು ಬಂದರು. ಶಾಲು ನೋಡಿದರು. ತಟ್ಟೆಯನ್ನು ಟೀಪಾಯಿಯ ಮೇಲಿಟ್ಟರು.

“ತಗ್ಯೂದss ಆದ್ರ ಸುಮ್ನ ತಗೀರಿ ಸಾಹೇಬ್ರ. ಶಾಲು ಹೊಚ್ಚಿ ಯಾಕ ತಗೀತೀರಿ?”

ಅಧ್ಯಕ್ಷರಿಗೆ ಕನ್ನಡ ಬರುತ್ತಿತ್ತು. ರಾಯಚೂರಿನಲ್ಲಿ ಹತ್ತಿ ವ್ಯಾಪಾರ ಮಾಡಿದವರು. ಬಾಯಿ ತೆರೆದರು. ಅತ್ತೆಯವರು ಬಿಡಲಿಲ್ಲ.

“ಇವ ಹೋಗ್ಲಿ, ಇವಗ ರೂಢಿ ಐತಿ. ಆದರ ನಾ ಮಾತ್ರ ಎಲ್ಲೂ ಹೋಗೂದಿಲ್ಲ, ಈಗss ಹೇಳ್ತೀನಿ. ಈ ಮನ್ಯಾಗ ನನ್ನ ಮಗಳು ಯಾವ ಸಾಮಾನು ಎಲ್ಲಿ ಇಟ್ಟಾಳ ಈ ಮಾಸ್ತರಿಗೆ ಗೊತ್ತಿಲ್ಲ. ಸಾಸಿವಿ ಡಬ್ಬಿ ಸೈತ ಸಿಗೂದಿಲ್ಲ ಇವರಿಗೆ. ಇವರನ್ನ ಬಿಟ್ಟು ಹ್ಯಾಂಗ ಹೋಗ್ಲಿ?” ಆಮೇಲೆ ನನ್ನ ಕಡೆ ತಿರುಗಿ, ದನಿ ಇಳಿಸಿ, “ನೀವು ಬ್ಯಾಡ ಅಂದ್ರ ಬ್ಯಾರೆ ಮಾತು,” ಎಂದರು.

ಅವರಿಗೂ ಇಷ್ಟು ದಿನ ಅದೇ ಭಯವಿತ್ತೆಂದು ನನಗೆ ಗೊತ್ತಿರಲಿಲ್ಲ. ನಾನು ತಲೆ ಅಲ್ಲಾಡಿಸಿದೆ. ಸರಿಯಾದ ದಿಕ್ಕಿನಲ್ಲೇ ಅಲ್ಲಾಡಿಸಿದೆನೋ ಇಲ್ಲವೋ ಎಂದು ಹೆದರಿ, “ಇರ್ರಿ,” ಎಂದು ಬಾಯಿಬಿಟ್ಟೂ ಹೇಳಿದೆ.

ಆಗ ಅಧ್ಯಕ್ಷರು ಕುರ್ಚಿಯಲ್ಲಿ ಕುಸಿದರು. “ಅಮ್ಮಾ, ಕೋಚನ್ನ ಯಾರೂ ತಗದಿಲ್ಲ. ನನ್ನ ತಗದಾರ. ನನ್ನ ಪಾಲುದಾರರೇ ಸೇರಿ ತಗದ್ರು. ಈ ಶಾಲು, ಹಣ್ಣು ಈಗ ತಾನೇ ನನಗೇ ಕೊಟ್ಟು ಕಳಿಸ್ಯಾರ. ಇವನ್ನ ಹಿಡ್ಕೊಂಡು ಮನಿಗೆ ಹೋದ್ರ ಹೆಂಡತಿಗೆ ಗೊತ್ತಾಗ್ತದ.” ಆಮೇಲೆ ನನ್ನ ಭಾವಮೈದನ ಕಡೆ ನೋಡಿ, ಶಿಷ್ಯನ ದನಿಯಲ್ಲಿ ಕೇಳಿದರು: “ನಿಮಗ ಅನುಭವ ಅದ. ಮೊದಲನೇ ದಿನ ಮನಿಯೊಳಗ ಏನು ಹೇಳ್ತೀರಿ?”

“ಮೊದಲು ಏನೂ ಹೇಳೂದಿಲ್ರಿ,” ಎಂದ ಕೋಚ್. “ಮೊದಲು ಉಣ್ತೀನಿ.”

ಅಧ್ಯಕ್ಷರು ಅವನ ಕೈಯನ್ನು ಎರಡೂ ಕೈಗಳಲ್ಲಿ ಹಿಡಿದುಕೊಂಡರು. ನಾನು ಗೋಡೆಯ ಮೇಲಿನ ಫೋಟೋ ನೋಡಿದೆ.

ಎಲ್ಲರೂ ಉಣ್ಣಲು ಕುಳಿತೆವು. ಅಧ್ಯಕ್ಷರು ತಲೆ ತಗ್ಗಿಸಿ ಉಣ್ಣುತ್ತಿದ್ದರು. ಅತ್ತೆಯವರಿಗೆ ಅವರ ಮಾತಿನ ಮೇಲೆ ಇನ್ನೂ ಪೂರ್ತಿ ನಂಬಿಕೆ ಬಂದಿರಲಿಲ್ಲ. ಪ್ರತಿ ರೊಟ್ಟಿ ಹಾಕುವಾಗಲೂ ಮುಖ ನೋಡುತ್ತಿದ್ದರು. ಐದನೆಯದನ್ನು ಹಾಕಿ ಬಂದು, ನನ್ನ ಕಿವಿಯ ಹತ್ತಿರ ಬಾಗಿದರು.

“ಖರೇನ ತಗದಾರ್ರೀ ಪಾಪ.”

ಹಾಗೆ ಹೇಳಿ, ನನ್ನ ತಟ್ಟೆ ಕಡೆ ನೋಡಿ ಗಾಬರಿಯಾದರು.

“ಅಯ್ಯ, ನೀವ್ಯಾಕ ಒಂದಕ್ಕss ಕೈ ತೊಳ್ಯಾಕತ್ತೀರಿ?”