ತೂಕರಾಯರ ಸಮತೋಲನದ ಲ್ಯಾಪ್‌ಟಾಪ್

ಅಂಗಡಿಯಲ್ಲಿ ಮಾರುವ ಯಂತ್ರಗಳ ಮೇಲೆ ತೂಕರಾಯರಿಗೆ ಮೊದಲಿನಿಂದಲೂ ಒಂದು ಸಿಟ್ಟು. ಡಬ್ಬದ ಮೇಲೆ ಒಂದೇ ಒಂದು ಗುಣವನ್ನು ದಪ್ಪಕ್ಷರದಲ್ಲಿ ಮೆರೆಸಿ, ಉಳಿದ ಕೊರತೆಗಳನ್ನೆಲ್ಲ ಭೂತಗನ್ನಡಿಗೂ ಕಾಣದಂಥ ಅಕ್ಷರದಲ್ಲಿ ಅಡಗಿಸಿಡುತ್ತಾರೆ ಎಂಬುದು ಅವರ ದೂರು. ತೂಕರಾಯರು ಎಂಬುದು ಅವರ ನಿಜವಾದ ಹೆಸರಲ್ಲ. ಕಟ್ಟಡಗಳ ಲಿಫ್ಟುಗಳನ್ನು ಪರೀಕ್ಷೆ ಮಾಡಿ, ಇದು ಇಷ್ಟು ಭಾರ ಹೊರಬಹುದು ಎಂದು ಫಲಕ ಹಾಕಿಸುವುದು ಅವರ ಕೆಲಸವಾದ್ದರಿಂದ ಜೊತೆಯವರು ಹಾಗೆ ಕರೆಯುತ್ತಿದ್ದರು. ಅವರು ಅದನ್ನು ಬಿರುದೆಂದೇ ಭಾವಿಸಿದ್ದರು. ಮೋಟಾರು ಎಷ್ಟೇ ದೊಡ್ಡದಿರಲಿ, ಹಗ್ಗ ಸಣ್ಣದಾದರೆ ಆ ಲಿಫ್ಟಿನ ತಾಕತ್ತು ಹಗ್ಗದಷ್ಟೇ ಎಂಬುದು ಅವರ ಜೀವನದ ಮಹಾಸಿದ್ಧಾಂತ. ಇದನ್ನು ಅವರು ಲಿಫ್ಟಿಗೆ ಮಾತ್ರ ಬಿಟ್ಟಿರಲಿಲ್ಲ. ಬಟ್ಟೆ ಚೆನ್ನಾಗಿದೆ, ಕಡ್ಡಿ ಸರಿಯಿಲ್ಲ ಎಂದು ಛತ್ರಿಗಳನ್ನೆಲ್ಲ ತಿರಸ್ಕರಿಸಿ ಒಂದು ಮಳೆಗಾಲವನ್ನು ಪೂರ್ತಿ ನೆನೆದುಕೊಂಡೇ ಕಳೆದವರು ಅವರು. (ಸಿದ್ಧಾಂತ ಒದ್ದೆಯಾಗಲಿಲ್ಲ, ಅದೊಂದು ಸಮಾಧಾನ.)

ಇಂಥವರ ಹೆಂಡತಿಗೆ ಒಂದು ಲ್ಯಾಪ್‌ಟಾಪ್ ಬೇಕಾಯಿತು.

ಆಕೆ ಮನೆಯಲ್ಲೇ ಕೂತು ಪುಸ್ತಕಗಳಿಗೆ ಪದಸೂಚಿ ಮಾಡುತ್ತಿದ್ದರು. ದಪ್ಪ ಪುಸ್ತಕಗಳ ಕೊನೆಯಲ್ಲಿ, ಯಾವ ವಿಷಯ ಯಾವ ಪುಟದಲ್ಲಿದೆ ಎಂದು ಅಕಾರಾದಿಯಾಗಿ ಕೊಟ್ಟಿರುತ್ತಾರಲ್ಲ, ಆ ಕೆಲಸ. ಅದನ್ನು ಯಾರೋ ಒಬ್ಬರು ಕೂತು ಮಾಡಿರುತ್ತಾರೆ ಎಂದು ಓದುವವರಿಗೆ ಹೊಳೆಯುವುದೇ ಇಲ್ಲ, ತೂಕರಾಯರಿಗೂ ಹೊಳೆದಂತಿರಲಿಲ್ಲ. ಯಾರಾದರೂ ಕೇಳಿದರೆ, "ಮನೇಲೇ ಏನೋ ಟೈಪಿಂಗ್ ಮಾಡ್ತಾಳೆ" ಎನ್ನುತ್ತಿದ್ದರು. ಈಗ ಪ್ರಕಾಶಕರು ಹಕ್ಕಿಗಳ ಬಗೆಗಿನ ಒಂದು ಭಾರೀ ಗ್ರಂಥವನ್ನು ಆಕೆಗೆ ಒಪ್ಪಿಸಿದ್ದರು. ಪುಟಪುಟಕ್ಕೂ ಬಣ್ಣದ ಚಿತ್ರ. ತಿಂಗಳೊಳಗೆ ಮುಗಿಸಿಕೊಟ್ಟರೆ ಮರಗಳದು, ಮೀನುಗಳದು, ಚಿಟ್ಟೆಗಳದು ಎಂದು ಮುಂದಿನ ಸಂಪುಟಗಳೆಲ್ಲ ಆಕೆಗೇ. ತಪ್ಪಿದರೆ ಬೇರೆಯವರಿಗೆ. ಇಷ್ಟು ವರ್ಷ ಅಡುಗೆಪುಸ್ತಕ, ಪ್ರವಾಸ ಕೈಪಿಡಿಗಳಿಗೆ ದುಡಿದ ಆಕೆಗೆ ಇಂಥ ಕೆಲಸ ಹುಡುಕಿಕೊಂಡು ಬಂದದ್ದು ಇದೇ ಮೊದಲು. ಆದರೆ ಹಳೆಯ ಲ್ಯಾಪ್‌ಟಾಪಿನ ಪರದೆ ಬಿಸ್ಕತ್ತಿನ ಡಬ್ಬಕ್ಕೆ ಬೆನ್ನು ಕೊಟ್ಟರೆ ಮಾತ್ರ ನೆಟ್ಟಗೆ ನಿಲ್ಲುತ್ತಿತ್ತು, ಚಿತ್ರವಿರುವ ಪುಟ ಬಂದರೆ ಯಂತ್ರ ಉಬ್ಬಸ ಬಂದವರ ಹಾಗೆ ಏದುಸಿರು ಬಿಡುತ್ತಿತ್ತು.

"ಹೊಸದು ತಗೋಬೇಕು ಕಣ್ರೀ. ದುಬಾರಿದು ಬೇಡ" ಎಂದರು ಆಕೆ.

"ದುಬಾರಿದಾದ್ರೆ ಯಾರು ಬೇಕಾದ್ರೂ ಆರಿಸ್ತಾರೆ. ಅಗ್ಗದ್ದನ್ನ ಆರಿಸೋಕೇ ತಲೆ ಬೇಕು. ನೀನು ಚಿಂತೆ ಬಿಡು" ಎಂದರು ತೂಕರಾಯರು. ಆಕೆಯ ಚಿಂತೆ ಶುರುವಾದದ್ದೇ ಆಗ.

ಅಂಗಡಿಯಲ್ಲಿ ಯಂತ್ರಗಳನ್ನು ತೋರಿಸಲು ನಿಂತಿದ್ದ ಹುಡುಗಿ ತಾಳ್ಮೆಯವಳು. ಅವಳು ಬಾಯಿ ತೆರೆಯುವ ಮೊದಲೇ ತೂಕರಾಯರು ಒಂದೊಂದಕ್ಕೂ ಅಂಟಿಸಿದ್ದ ಚೀಟಿಗಳನ್ನು ಓದಿ ತೀರ್ಪು ಕೊಡತೊಡಗಿದರು. ಮೊದಲನೆಯದರ ಪ್ರೊಸೆಸರ್ ಮಹಾ ಚುರುಕು, ಆದರೆ ಮೆಮೊರಿ ಕಡಿಮೆ. "ದೊಡ್ಡ ಮೋಟಾರು, ಇಬ್ಬರು ನಿಲ್ಲೋಕಾಗದ ಪೆಟ್ಟಿಗೆ" ಎಂದರು. ಎರಡನೆಯದರ ಒಳಗೆಲ್ಲ ಸರಿ, ಪರದೆ ಮಬ್ಬು. "ಅರಮನೆ ಕಟ್ಟಿ ಕಿಟಕಿ ಮರೆತಿದ್ದಾರೆ."

ಅವರ ಹೆಂಡತಿ ಮೂಲೆಯಲ್ಲಿದ್ದ ಒಂದು ಬೂದುಬಣ್ಣದ, ದಪ್ಪನೆಯ ಲ್ಯಾಪ್‌ಟಾಪಿನ ಮುಂದೆ ನಿಂತಿದ್ದರು. ಮೆಮೊರಿ ಧಾರಾಳ, ಪರದೆ ದೊಡ್ಡದು, ಕಣ್ಣಿಗೆ ಹೊಡೆಯುವ ಮಿರುಗಿಲ್ಲ. ಪ್ರೊಸೆಸರ್ ಸಾಧಾರಣ, ಬ್ಯಾಟರಿಯಂತೂ ಹೆಸರಿಗೆ ಮಾತ್ರ.

"ಇದು ಹೇಗ್ರೀ?" ಎಂದರು ಆಕೆ.

ತೂಕರಾಯರು ನಕ್ಕರು. ಸಭೆಯಲ್ಲಿ ಅಧ್ಯಕ್ಷರು ನಗುವ ಹಾಗೆ, ತಲೆ ಹಿಂದಕ್ಕೆ ವಾಲಿಸಿ ನಕ್ಕರು. "ಮೆಮೊರಿಗೂ ಬ್ಯಾಟರಿಗೂ ತಾಳಮೇಳವೇ ಇಲ್ವಲ್ಲೇ. ಇದನ್ನ ಲಿಫ್ಟ್ ಅಂತ ನನ್ನ ಮುಂದೆ ತಂದಿದ್ರೆ ಅಲ್ಲೇ ಬೀಗ ಹಾಕಿಸ್ತಿದ್ದೆ."

ಅವರು ಮುಂದಿನ ಚೀಟಿಗೆ ಹೋದರು. ಆಕೆ ಆ ಹುಡುಗಿಯ ಜೊತೆ ತಗ್ಗಿದ ದನಿಯಲ್ಲಿ ಏನೋ ಮಾತಾಡಿದ್ದು ಅವರ ಕಿವಿಗೆ ಬೀಳಲಿಲ್ಲ. ಮಾತಾಡುವಾಗ ಅವರಿಗೆ ಬೇರೆ ಯಾವುದೂ ಕಿವಿಗೆ ಬೀಳುತ್ತಿರಲಿಲ್ಲ.

ಆಮೇಲೆ ದಿನಗಳು ಉರುಳಿದವು. ತೂಕರಾಯರು ಊಟ ಮಾಡುವಾಗಲೂ ಮೊಬೈಲಿನಲ್ಲಿ ಲ್ಯಾಪ್‌ಟಾಪುಗಳ ಜಾತಕ ಕೂಡಿಸುತ್ತಿದ್ದರು. ಆಕೆ ಊಟದ ಮೇಜಿನ ತುದಿಯಲ್ಲಿ ಹಳೆಯ ಯಂತ್ರದೊಂದಿಗೆ ಗುದ್ದಾಡುತ್ತ, ನಡುನಡುವೆ ಎದ್ದು ಟೀ ಮಾಡುತ್ತಿದ್ದರು. ಹೆಂಡತಿಗೆ ವಿಪರೀತ ಟೀ ಚಟ ಎಂದು ತೂಕರಾಯರ ಬಹುಕಾಲದ ನಂಬಿಕೆ. ಆದರೆ ಪ್ರತಿ ಸಲವೂ ಅವರ ಮುಂದೆಯೂ ಒಂದು ಲೋಟ ಬರುತ್ತಿದ್ದುದರಿಂದ ಆ ಚಟವನ್ನು ಅವರು ದೊಡ್ಡ ಮನಸ್ಸಿನಿಂದ ಕ್ಷಮಿಸಿದ್ದರು. ಹಕ್ಕಿಗಳ ಪುಸ್ತಕ ಮಾತ್ರ ಗೂಬೆಯ ಅಧ್ಯಾಯವನ್ನೂ ದಾಟಿರಲಿಲ್ಲ.

ಕೊನೆಗೆ ಒಂದು ಸಂಜೆ ಅವರು ಬೇರೊಂದು ಅಂಗಡಿಯಿಂದ ಡಬ್ಬ ಎತ್ತಿಕೊಂಡು ಬಂದರು. ಮುಖದಲ್ಲಿ ದಿಗ್ವಿಜಯ.

"ಸಿಕ್ತು. ನೋಡು, ಪ್ರೊಸೆಸರ್, ಮೆಮೊರಿ, ಡಿಸ್ಕು, ಪರದೆ, ಬ್ಯಾಟರಿ, ಒಂದನ್ನೊಂದು ಮೀರಿಸಲ್ಲ, ಒಂದನ್ನೊಂದು ಎಳೆಯಲ್ಲ. ಇಂಥ ಸಮತೋಲನ ನಾನು ಜನ್ಮದಲ್ಲಿ ನೋಡಿಲ್ಲ."

ಆಕೆ ಅದನ್ನು ಮೇಜಿನ ಮೇಲಿಟ್ಟು, ಹಕ್ಕಿಗಳ ಪುಸ್ತಕ ತೆರೆಯಲು ಒತ್ತಿದರು. ಪರದೆಯ ಮೇಲೆ ಒಂದು ಪುಟ್ಟ ಚಕ್ರ ತಿರುಗತೊಡಗಿತು. ತಿರುಗಿತು. ತೂಕರಾಯರು ಗಂಟಲು ಸರಿಮಾಡಿಕೊಂಡರು. ಚಕ್ರ ಇನ್ನೂ ತಿರುಗುತ್ತಿತ್ತು. ಆಕೆ ಎದ್ದು ಅಡುಗೆಮನೆಗೆ ಹೋದರು.

"ಎಲ್ಲಿಗೆ ಹೊರಟೆ?"

"ಟೀ ಮಾಡೋಕೆ."

"ಈಗ ತಾನೇ ಕುಡಿದ್ಯಲ್ಲ."

"ಪುಸ್ತಕ ತೆರೀತಾ ಇದೆಯಲ್ರೀ. ಅದು ತೆರೆಯೋವರೆಗೆ ಸುಮ್ಮನೆ ಕೂತು ಏನ್ ಮಾಡ್ಲಿ? ಇಷ್ಟು ದಿನಾನೂ ಹಾಗೇ ಅಲ್ವಾ ಮಾಡ್ತಿದ್ದದ್ದು."

ಇಷ್ಟು ಕಾಲ ತಾವು ಕುಡಿದ ಒಂದೊಂದು ಲೋಟ ಟೀಯೂ ಹೆಂಡತಿಯ ಕೆಲಸ ನಿಂತುಹೋದ ಒಂದೊಂದು ಗಳಿಗೆ ಎಂದು ತೂಕರಾಯರಿಗೆ ಆಗ ಹೊಳೆಯಿತು. ಹೊಸ ಯಂತ್ರದಲ್ಲಿ ಯಾವ ಭಾಗವೂ ಇನ್ನೊಂದನ್ನು ತಡೆಯುತ್ತಿರಲಿಲ್ಲ, ನಿಜ. ಎಲ್ಲವೂ ಅಣ್ಣತಮ್ಮಂದಿರ ಹಾಗೆ ಕೈಕೈ ಹಿಡಿದುಕೊಂಡು ಒಂದೇ ಸಮನೆ ನಿಧಾನವಾಗಿದ್ದವು.

ಆಕೆ ಎರಡು ಲೋಟ ತಂದಿಟ್ಟು ಎದುರಿಗೆ ಕೂತರು. ಸಿಟ್ಟಿರಲಿಲ್ಲ. ಸಿಟ್ಟಿದ್ದಿದ್ದರೆ ತೂಕರಾಯರಿಗೆ ಉತ್ತರ ಕೊಡುವುದು ಸುಲಭವಿತ್ತು.

"ಲಿಫ್ಟಿನ ಹಿಂದೆ ಒಂದು ಭಾರ ನೇತಾಡ್ತಿರುತ್ತೆ ಅಂತೀರಲ್ಲ, ಎದುರುತೂಕ. ಅದನ್ನ ಎಷ್ಟು ಇಡ್ತೀರಿ?" ಎಂದು ಕೇಳಿದರು.

ತೂಕರಾಯರು ಉತ್ಸಾಹದಿಂದ ನೆಟ್ಟಗೆ ಕೂತರು. ಇದು ಅವರ ಸ್ವಂತ ಹೊಲ. "ಪೆಟ್ಟಿಗೆ ತೂಕ, ಅದರ ಮೇಲೆ ಒಳಗೆ ಬರೋ ಜನದ ತೂಕದಲ್ಲಿ ಸುಮಾರು ಅರ್ಧ. ಬರೀ ಪೆಟ್ಟಿಗೆ ತೂಕಕ್ಕೇ ಸಮ ಮಾಡಿದ್ರೆ ಜನ ತುಂಬಿದಾಗ ಮೋಟಾರು ಒದ್ದಾಡುತ್ತೆ. ಒಳಗೆ ಯಾರು ಬರ್ತಾರೆ ಅಂತ ತಿಳೀದೆ ಸಮತೋಲನ ಅನ್ನೋದೇ ಇಲ್ಲ."

"ಯಾರು ಬರ್ತಾರೆ ಅಂತ ಹೇಗೆ ತಿಳ್ಕೋತೀರಿ?"

"ಕೇಳ್ತೀವಿ. ಆಸ್ಪತ್ರೆಯೋ, ಗೋದಾಮೋ, ಮನೆಗಳೋ ಅಂತ ಮೊದಲೇ ಕೇಳ್ತೀವಿ. ಕೇಳದೆ ಯಾರಾದ್ರೂ..."

ಮಾತು ಅಲ್ಲಿಗೆ ನಿಂತಿತು. ಆಕೆ ಟೀ ಆರಿಸಿಕೊಳ್ಳುತ್ತ ಲೋಟವನ್ನೇ ನೋಡುತ್ತಿದ್ದರು. ಅಷ್ಟರಲ್ಲಿ ಹಕ್ಕಿಗಳ ಪುಸ್ತಕ ತೆರೆದುಕೊಂಡಿತು.

ಮಾರನೆಯ ಬೆಳಿಗ್ಗೆ ರಜೆ ಹಾಕಿ ಹೆಂಡತಿಯ ಪಕ್ಕ ಕುರ್ಚಿ ಎಳೆದುಕೊಂಡರು. "ನಿನ್ನ ಕೆಲಸ ಏನು ಅಂತ ತೋರಿಸು" ಎಂದರು. ಆಕೆ ತೋರಿಸಿದರು. ಒಂದು ಕಡೆ ಪುಸ್ತಕ, ಪಕ್ಕದಲ್ಲಿ ಪದಸೂಚಿ, ಇನ್ನೊಂದು ಕಡೆ ನಿಘಂಟು, ಹಕ್ಕಿಯ ಹೆಸರು ಸರಿಯಿದೆಯೇ ಎಂದು ನೋಡಲು ಮತ್ತಷ್ಟು ಪುಟಗಳು. ಎಲ್ಲವೂ ಒಟ್ಟಿಗೆ ತೆರೆದಿರಬೇಕು. ಒಂದನ್ನು ಮುಚ್ಚಿದರೆ ಪೋಣಿಸುತ್ತಿದ್ದ ಎಳೆ ಕೈತಪ್ಪುತ್ತದೆ. ಲೆಕ್ಕಾಚಾರದ ವೇಗ ಆಕೆಗೆ ಬೇಡ, ಹರವಿಕೊಳ್ಳಲು ಜಾಗ ಬೇಕು. ಬ್ಯಾಟರಿಯಂತೂ ಬೇಡವೇ ಬೇಡ, ಆಕೆ ಕೂರುವ ಜಾಗ ಪ್ಲಗ್ಗಿನ ಪಕ್ಕವೇ. ಮಿಂಚುಳ್ಳಿಯನ್ನು ಹುಡುಕುವವರು ಅದನ್ನು ಯಾವ ಯಾವ ಹೆಸರಿನಿಂದ ಹುಡುಕಿಯಾರು ಎಂದು ಆಕೆ ಯೋಚಿಸುತ್ತ ಕೂತ ಬಗೆ ನೋಡಿ ತೂಕರಾಯರಿಗೆ ಹೆಮ್ಮೆಯಾಯಿತು, ಅದರ ಬೆನ್ನಿಗೇ ನಾಚಿಕೆಯೂ ಆಯಿತು. ಕಣ್ಣಿಗೆ ಕಾಣದ ಓದುಗ ಏನು ಕೇಳಬಹುದು ಎಂದು ದಿನವಿಡೀ ಯೋಚಿಸುವವಳನ್ನು ತಾವು ಒಂದು ಮಾತು ಕೇಳಿರಲಿಲ್ಲ.

ಸೀದಾ ಆ ಮೊದಲಿನ ಅಂಗಡಿಗೆ ಹೋದರು. ಬೇರೆ ಕಡೆ ಕೊಂಡು ಸೀಲು ಒಡೆದ ಡಬ್ಬವನ್ನು ಬದಲಿಗೆ ತೆಗೆದುಕೊಳ್ಳುವುದಿಲ್ಲ ಎಂದಳು ಆ ಹುಡುಗಿ. ಆಗಲಿ ಎಂದರು. ಆ ಬೂದುಬಣ್ಣದ್ದು ಇದೆಯೇ ಎಂದು ಕೇಳಿದರು, ದನಿ ತಗ್ಗಿಸಿ.

"ಅದೊಂದೇ ಉಳಿದಿತ್ತು ಸರ್. ಆದ್ರೆ ಎತ್ತಿಟ್ಟಿದೀವಿ."

"ಯಾರಿಗೆ?"

"ನಿಮಗೇ ಸರ್. ಮೇಡಂ ಮೊದಲ ದಿನವೇ ಹೇಳಿ ಹೋದ್ರು. 'ನಮ್ಮ ಯಜಮಾನ್ರು ಎಲ್ಲಾ ಅಂಗಡಿ ಸುತ್ತಿ ಕೊನೆಗೆ ಇಲ್ಲಿಗೇ ಬರ್ತಾರೆ, ಈ ವಾರ ಮುಗಿಯೋವರೆಗೆ ಕಾಯ್ರಿ, ಬರದಿದ್ರೆ ನಾನೇ ಬಂದು ತಗೋತೀನಿ' ಅಂದ್ರು."

ಹೆಂಡತಿ ತಮ್ಮನ್ನು ಎಷ್ಟು ಸರಿಯಾಗಿ ತೂಗಿದ್ದಾಳೆ ಎಂದು ದಾರಿಯುದ್ದಕ್ಕೂ ಯೋಚಿಸುತ್ತ ತೂಕರಾಯರು ಮನೆಗೆ ಬಂದರು.

ಬೂದುಬಣ್ಣದ ಯಂತ್ರದಲ್ಲಿ ಹಕ್ಕಿಗಳು ಹಾರಿದವು. ಗೂಬೆ ದಾಟಿತು, ನವಿಲು ದಾಟಿತು, ತಿಂಗಳು ಮುಗಿಯುವ ಮೊದಲೇ ಪದಸೂಚಿ ಪ್ರಕಾಶಕರ ಕೈ ಸೇರಿ ಮರಗಳ ಸಂಪುಟ ಮನೆಗೆ ಬಂತು. ಸಮತೋಲನದ ಲ್ಯಾಪ್‌ಟಾಪ್ ತೂಕರಾಯರ ಪಾಲಿಗೆ ಬಿತ್ತು. ಅದನ್ನು ತೆರೆಯಲು ಒತ್ತಿ ಅವರು ಪೇಪರ್ ಓದಿ ಮುಗಿಸುತ್ತಿದ್ದರು.

ಒಂದು ಭಾನುವಾರ ಮೇಲಿನ ಮಹಡಿಯ ಸಂಗೀತದ ಮೇಷ್ಟ್ರು ಇಳಿದು ಬಂದರು. ಮಾತಿಗೆ ಸಿಕ್ಕರೆ ಬಿಡುವವರಲ್ಲ. ಅವರಿಂದ ತಪ್ಪಿಸಿಕೊಳ್ಳಲೆಂದೇ ತೂಕರಾಯರು, ತಾವೇ ಪರೀಕ್ಷಿಸಿದ ಲಿಫ್ಟು ಬಿಟ್ಟು ಮೆಟ್ಟಿಲು ಹತ್ತುವುದುಂಟು. ಮೊದಲಾದರೆ ಪ್ರಶ್ನೆ ಮುಗಿಯುವ ಮುಂಚೆಯೇ ಉತ್ತರ ಕೊಟ್ಟು ಸಾಗಹಾಕುತ್ತಿದ್ದರು.

"ಮಗಳಿಗೆ ಒಂದು ಲ್ಯಾಪ್‌ಟಾಪ್ ಬೇಕಿತ್ತು. ಯಾವುದು ತಗೊಳ್ಳಲಿ?" ಎಂದರು ಮೇಷ್ಟ್ರು.

ಸಿದ್ಧಾಂತ ತೂಕರಾಯರ ನಾಲಗೆ ತುದಿಗೆ ಬಂದಿತ್ತು. ಮೇಜಿನ ತುದಿಯಲ್ಲಿ ಟಪಟಪ ಸದ್ದು ನಿಂತು, ಹೆಂಡತಿ ಕನ್ನಡಕದ ಮೇಲಿಂದ ಒಮ್ಮೆ ನೋಡಿದರು. ತೂಕರಾಯರು ಅದನ್ನು ನುಂಗಿಕೊಂಡು, "ಮಗಳು ಅದರಲ್ಲಿ ಏನೇನು ಕೆಲಸ ಮಾಡ್ತಾಳೆ?" ಎಂದು ಕೇಳಿದರು.

ಇಂಥ ಪ್ರಶ್ನೆಯನ್ನು ಮೇಷ್ಟ್ರಿಗೆ ಜೀವಮಾನದಲ್ಲಿ ಯಾರೂ ಕೇಳಿರಲಿಲ್ಲ. ಅವರು ಕುರ್ಚಿಯನ್ನು ಹತ್ತಿರ ಎಳೆದುಕೊಂಡು, ಮಗಳು ಅಂಬೆಗಾಲಿಡುತ್ತಿದ್ದ ಕಾಲದಿಂದ ಆರಂಭಿಸಿದರು. ತೂಕರಾಯರು ತಲೆಯಾಡಿಸುತ್ತ ಕೂತರು. ಮಗಳು ಶಾಲೆಗೆ ಸೇರುವ ಹೊತ್ತಿಗೆ ಅವರಿಗೆ ಟೀ ಬೇಕೆನಿಸಿತು. ಅಭ್ಯಾಸಬಲದಿಂದ ಹೆಂಡತಿಯ ಕಡೆ ನೋಡಿದರು. ಆಕೆ ಮರಗಳ ನಡುವೆ ಎಲ್ಲೋ ಇದ್ದರು. ಈ ಯಂತ್ರದಲ್ಲಿ ಪುಟಗಳು ಒತ್ತುವುದೇ ತಡ ತೆರೆದುಕೊಳ್ಳುತ್ತಿದ್ದುದರಿಂದ ಆಕೆ ಬೆಳಗಿನಿಂದ ಒಂದು ಸಲವೂ ಎದ್ದಿರಲಿಲ್ಲ.

ತೂಕರಾಯರು ತಾವೇ ಎದ್ದು ಅಡುಗೆಮನೆಗೆ ಹೋಗಿ ಟೀಪುಡಿಯ ಡಬ್ಬ ಹುಡುಕತೊಡಗಿದರು. ಮೇಷ್ಟ್ರು ಮಾತು ನಿಲ್ಲಿಸದೆ ಬಾಗಿಲವರೆಗೂ ಹಿಂಬಾಲಿಸಿದರು.

"ಎಷ್ಟು ಸಕ್ಕರೆ ಅಂತ ಮೇಷ್ಟ್ರನ್ನ ಕೇಳಿ ಹಾಕಿ" ಎಂದರು ಆಕೆ, ಪರದೆಯಿಂದ ಕಣ್ಣು ತೆಗೆಯದೆ. "ನನಗೂ ಒಂದು ಲೋಟ ಇರಲಿ."