ಸಾಹೇಬರ ಅಂಗಿಜೇಬಿನ ಕಚೇರಿಗೆ ಒಂದು ಅಹವಾಲು

ಶ್ರೀಮನ್ ಮೊಬೈಲ್ ಫೋನ್ ಮಹಾಶಯರಿಗೆ,
ಟ್ಯಾಂಕರ್ ನೀರಿನ ಸಮಸ್ತ ಕಡತಗಳ ಏಕಮೇವ ಪಾಲಕರು,
ಮುಕ್ಕಾಂ: ಸಾಹೇಬರ ಅಂಗಿಯ ಎಡಜೇಬು,
ಸೋಮವಾರ ಭಾಲ್ಕಿ, ಬುಧವಾರ ಔರಾದ, ಮಿಕ್ಕ ದಿನ ಬೀದರ ಅಥವಾ ಬೀಗರ ಮನೆ.

ಏಪ್ರಿಲ್ ೨೦೧೬

ಮಾನ್ಯರೇ,

ತಮ್ಮ ಗಾಜಿಗೆ ಗೀರು ಬೀಳದಿರಲಿ, ತಮ್ಮ ಬ್ಯಾಟರಿ ಅಕ್ಷಯವಾಗಲಿ, ತಾವು ಹೋದಲ್ಲೆಲ್ಲ ಕಂಬಗಳು ತಲೆಬಾಗಿ ಸಿಗ್ನಲ್ ಕೊಡಲಿ ಎಂದು ಹಾರೈಸುತ್ತ, ಭಾತಂಬ್ರಾ ದಾಟಿದ ಮೇಲೆ ಸಿಗುವ ನಮ್ಮ ವಾಡಿಯ ಹನ್ನೊಂದು ಮನೆಗಳ ಪರವಾಗಿ ಸಾಷ್ಟಾಂಗ ನಮಸ್ಕಾರಗಳು. ಹನ್ನೊಂದೇ ಮನೆಯ ವಾಡಿಯೇ ಎಂದು ತಾವು ನಗಬಾರದು. ಮನೆಗಳು ಇನ್ನೂ ಬಹಳ ಇವೆ. ಮಳೆ ಎರಡು ವರ್ಷ ರಜೆ ಹಾಕಿದ್ದರಿಂದ ಅವುಗಳ ಜನ ಪುಣೆಗೂ ಹೈದರಾಬಾದಿಗೂ ಹೋಗಿ, ಬೀಗಗಳು ಮಾತ್ರ ಊರಲ್ಲಿ ಉಳಿದಿವೆ. ಯುಗಾದಿಯ ಮರುದಿನ ಕೂಲಿಕಾರರನ್ನು ಒಯ್ಯುವ ಮುಕಾದಮನ ಟ್ರಕ್ ಮತ್ತೊಮ್ಮೆ ಬರುವುದಿತ್ತು. ಅಷ್ಟರೊಳಗೆ ಕುಡಿಯುವ ನೀರಿನ ಟ್ಯಾಂಕರ್ ಬಂದರೆ ಉಳಿಯುವುದು, ಬಾರದಿದ್ದರೆ ಈ ಹನ್ನೊಂದು ಮನೆಗಳೂ ಟ್ರಕ್ ಹತ್ತುವುದು ಎಂದು ಕಟ್ಟೆಯ ಮೇಲೆ ಮಾತಾಗಿತ್ತು.

ಟ್ಯಾಂಕರ್ ಮಂಜೂರು ಮಾಡುವ ಸಾಹೇಬರನ್ನು ಬಿಟ್ಟು ತಮಗೇ ಬರೆಯುತ್ತಿರುವುದು ಉದ್ಧಟತನವಲ್ಲ. ಹಿಂದೆ ಕಚೇರಿಯಲ್ಲಿ ಒಂದು ಕಬ್ಬಿಣದ ಅಲಮಾರಿ ಇತ್ತು. ಅದರ ಬಾಗಿಲು ತೆರೆಯುತ್ತಿರಲಿಲ್ಲ, ತೆರೆದರೆ ಮುಚ್ಚುತ್ತಿರಲಿಲ್ಲ, ಒಳಗಿನ ಅರ್ಜಿಗಳನ್ನು ಸಾಹೇಬರಿಗಿಂತ ಮೊದಲೇ ಗೆದ್ದಲು ವಿಲೇವಾರಿ ಮಾಡುತ್ತಿತ್ತು. ಆದರೂ ಅದು ಇಟ್ಟಲ್ಲೇ ಇರುತ್ತಿತ್ತು ಎಂಬುದೊಂದು ದೊಡ್ಡ ಗುಣ. ತಾವು ಪಾದಾರ್ಪಣೆ ಮಾಡಿದ ಮೇಲೆ ಸಾಹೇಬರು ಎಲ್ಲ ಅರ್ಜಿಗಳ ಫೋಟೋ ಹೊಡೆದು ತಮ್ಮ ಹೊಟ್ಟೆಗೆ ಹಾಕಿ, ಕಾಗದವನ್ನು ಅರ್ಜಿದಾರರ ಕೈಗೇ ಮರಳಿಸಿ, ಅಲಮಾರಿಯನ್ನು ಗುಜರಿಗೆ ಕಳಿಸಿ, “ಇನ್ನ ಮ್ಯಾಲ ಕಚೇರಿ ನನ್ನ ಜೇಬಿನ್ಯಾಗ ಅದ ನೋಡ್ರಿ!” ಎಂದು ಎದೆ ತಟ್ಟಿಕೊಂಡರು. ತಟ್ಟಿದ್ದು ತಮ್ಮ ಮೇಲೆಯೇ ಆದ್ದರಿಂದ ಆ ಏಟಿಗೆ ಅವರ ಅತ್ತೆಗೆ ಕರೆ ಹೋಯಿತಂತೆ. ಅಂದಿನಿಂದ ಕಚೇರಿ ಎಂಬುದು ಸ್ಥಾವರವಾಗಿ ಉಳಿದಿಲ್ಲ, ಜಂಗಮವಾಗಿದೆ. ತಮ್ಮನ್ನು ಜಂಗಮವಾಣಿ ಎಂದು ಕರೆದವರು ಎಷ್ಟು ದೂರ ಯೋಚಿಸಿದ್ದರೆಂದು ಶರಣರ ಈ ನಾಡಿನಲ್ಲಿ ನಮಗೆ ತಡವಾಗಿ ತಿಳಿಯಿತು.

ಜಂಗಮರನ್ನು ಹುಡುಕಿಕೊಂಡು ಹೋಗುವುದು ಭಕ್ತರ ಕರ್ತವ್ಯವಾದ್ದರಿಂದ ನಮ್ಮ ಕಿರಾಣಿ ಅಂಗಡಿಯ ಶಿವರಾಜಪ್ಪನವರು ಟ್ಯಾಂಕರಿಗಾಗಿ ನಾವು ಕೊಟ್ಟಿದ್ದ ಅರ್ಜಿಯ ಸ್ಥಿತಿ ತಿಳಿಯಲು ಭಾಲ್ಕಿಗೆ ಹೋದರೆ ತಾವು ಔರಾದದಲ್ಲಿದ್ದಿರಿ, ಔರಾದಕ್ಕೆ ಹೋದರೆ ಬೀದರದ ಮೈಲೂರಿನಲ್ಲಿ ಯಾರದೋ ತೊಟ್ಟಿಲು ಕಾರ್ಯಕ್ರಮದ ಫೋಟೋ ತೆಗೆಯುತ್ತಿದ್ದಿರಿ. ಕೊನೆಗೆ ಔರಾದದ ಚಹಾದಂಗಡಿಯಲ್ಲಿ ದರ್ಶನವಾದಾಗ ತಾವು ಹಸಿದು ಕಣ್ಣು ಮುಚ್ಚಿದ್ದಿರಿ. ಜಂಗಮರು ಬಂದರೆ ಭಿಕ್ಷೆ ನೀಡುವ ಮನೆತನದ ಶಿವರಾಜಪ್ಪನವರು ಅಂಗಡಿಯವನ ಕೈಕಾಲು ಹಿಡಿದು ತಮಗೆ ಒಂದು ತಾಸು ಕರೆಂಟು ನೀಡಿಸಿದರು. ಕಣ್ಣು ಬಿಟ್ಟ ತಾವು ಸಾಹೇಬರ ಹೆಬ್ಬೆರಳಿನಡಿ ಒಂದೊಂದಾಗಿ ತೋರಿಸಿದ್ದು ಗುಲಾಬಿ ಹೂವಿನ ಶುಭೋದಯಗಳು, ಭಾವಮೈದುನನ ನಿಶ್ಚಿತಾರ್ಥ, ಅದೇ ನಿಶ್ಚಿತಾರ್ಥದ ಊಟದ ಎಲೆ, ಎಲೆಯಲ್ಲಿನ ಹೋಳಿಗೆಯ ಹತ್ತಿರದ ನೋಟ. “ಇದರಾಗೇ ಅದ ರೀ ನಿಮ್ಮ ಅರ್ಜಿ, ಎಲ್ಲಿ ಹೋಗ್ತದ?” ಎಂದರು ಸಾಹೇಬರು. “ನಮ್ಮ ಬಾವ್ಯಾಗಿನ ನೀರಿಗೂ ಹಂಗೇ ಅಂದಿದ್ವಿ ನೋಡ್ರಿ ಸಾಹೇಬ್ರ, ಎಲ್ಲಿ ಹೋಗ್ತದ ಅಂತ,” ಎಂದರು ಶಿವರಾಜಪ್ಪನವರು. ಅಷ್ಟರಲ್ಲಿ ತಾವು ‘ಜಾಗ ಭರ್ತಿಯಾಗಿದೆ’ ಎಂದು ಪರದೆಯ ಮೇಲೆ ಬರೆದು ತೋರಿಸಿದಿರಿ. ತುಂಬಿದ ಕೊಡ ತುಳುಕುವುದಿಲ್ಲ ಎಂಬ ಗಾದೆಯನ್ನು ತಮ್ಮಷ್ಟು ನಿಷ್ಠೆಯಿಂದ ಪಾಲಿಸಿದವರನ್ನು ನಾವು ಕಂಡಿಲ್ಲ. ಅಷ್ಟೆಲ್ಲ ತುಂಬಿಕೊಂಡೂ ನಮ್ಮ ಒಂದು ಅರ್ಜಿಯನ್ನು ತಾವು ಹೊರಗೆ ತುಳುಕಿಸಲಿಲ್ಲ.

ಅರ್ಜಿ ಸಿಗದಿದ್ದರೂ ಪರವಾಗಿಲ್ಲ, ಮನೆಗೊಂದರಂತೆ ಖಾಲಿ ಕೊಡದ ಫೋಟೋ ಕಳಿಸಿದರೆ ಸಾಕು, ಅದನ್ನೇ ಕಡತವೆಂದು ಭಾವಿಸುವುದಾಗಿ ಸಾಹೇಬರು ಔದಾರ್ಯ ತೋರಿದರು. ನಮ್ಮ ಓಣಿಯ ಕೌಸಲ್ಯಾಬಾಯಿಯವರಿಗೆ ಇದು ತಿಳಿಯಲಿಲ್ಲ. “ಖಾಲಿ ಅನ್ನೂದು ಫೋಟೋದಾಗ ಹ್ಯಾಂಗ ಬರ್ತದ್ರಿ? ಖಾಲಿ ಅಂದ್ರ ಏನೂ ಇಲ್ಲಂತಲ್ಲ?” ಎಂದು ಅವರು ಕೇಳಿದ ಪ್ರಶ್ನೆಯನ್ನು ಫೋನಿನಲ್ಲಿ ಸಾಹೇಬರಿಗೆ ಮುಟ್ಟಿಸಿದಾಗ, ಕೊಡದ ಬಾಯಿಯ ಮೇಲಿನಿಂದ ತೆಗೆಯಿರಿ, ಒಳಗಿನ ತಳ ಕಾಣಬೇಕು ಎಂದು ಅಪ್ಪಣೆಯಾಯಿತು. ಹಾಗೆಯೇ ತೆಗೆದೆವು. ಹತ್ತು ಮನೆಗಳದ್ದು ಪ್ಲಾಸ್ಟಿಕ್ ಕೊಡ. ಕೌಸಲ್ಯಾಬಾಯಿಯವರದ್ದು ಮಾತ್ರ ಹಿತ್ತಾಳೆಯದು. ತೊಳೆಯಲು ನೀರಿಲ್ಲದಿದ್ದರೂ ಒಣ ಬೂದಿಯಿಂದಲೇ ತಿಕ್ಕಿ ತಿಕ್ಕಿ ಅದರ ಅಂಚನ್ನು ಬಂಗಾರ ಮಾಡಿಟ್ಟಿದ್ದರು, ಸರ್ಕಾರದವರು ನೋಡುವ ಕೊಡ ಎಂದು.

ಇಲ್ಲಿಂದ ಮುಂದಿನದು ತಮ್ಮ ಪ್ರತಿಭೆಯ ಕಥೆ. ಜಾಗವಿಲ್ಲದೆ ಒದ್ದಾಡುತ್ತಿದ್ದ ತಾವು ಸ್ವಯಂಪ್ರೇರಣೆಯಿಂದ ಕಡತ ಪರಿಶೀಲನೆ ಕೈಗೊಂಡಿರಿ. ಏನಾಯಿತೆಂದು ಸಾಹೇಬರೇ ಹೆಮ್ಮೆಯಿಂದ ವಿವರಿಸಿದರು: “ಭಾರೀ ಶಾಣ್ಯಾ ಅದ ರೀ ಈ ಫೋನ್. ಒಂದೇ ನಮೂನಿ ಹನ್ನೊಂದು ಫೋಟೋ ಅವ, ಚಂದಂದೊಂದು ಇಟ್ಟು ಉಳಿದದ್ದು ತೆಗಿಲೇನು ಅಂತ ತಾನೇ ಕೇಳ್ತು. ಹೂಂ ಅಂದೆ.” ದುಂಡಗಿನ ಅಂಚು, ನಡುವೆ ಕತ್ತಲೆ, ಹನ್ನೊಂದು ಮನೆಯ ಬಾಯಾರಿಕೆಯೂ ತಮ್ಮ ದೃಷ್ಟಿಗೆ ಒಂದೇ ಎನಿಸಿತು. ಮನುಷ್ಯರೆಲ್ಲ ಒಂದೇ ಎಂದು ದೊಡ್ಡವರು ಸಾರಿ ಸಾರಿ ಹೇಳಿದ್ದನ್ನು ಸರ್ಕಾರಿ ಖಾತೆಯಲ್ಲಿ ಮೊದಲ ಬಾರಿಗೆ ಆಚರಣೆಗೆ ತಂದ ಕೀರ್ತಿ ತಮ್ಮದು. ಭಾವಮೈದುನನ ಹೋಳಿಗೆಯೂ ದುಂಡಗೇ ಇತ್ತು, ಅದರ ಏಳು ಫೋಟೋಗಳಿಗೆ ಮಾತ್ರ ಈ ಸಮಾನತೆ ಅನ್ವಯಿಸಲಿಲ್ಲವೇಕೆ ಎಂದು ಕೇಳುವಷ್ಟು ಸಣ್ಣವರು ನಾವಲ್ಲ. ಕೌಸಲ್ಯಾಬಾಯಿಯವರ ಹಿತ್ತಾಳೆ ಕೊಡ ಚಂದ ಕಂಡು ಉಳಿಯಿತು, ಉಳಿದ ಹತ್ತು ಅಳಿದವು. ವಾಡಿಯಲ್ಲಿ ನೀರಿಲ್ಲದ ಮನೆ ಒಂದೇ ಎಂದು ಆದೇಶ ಹೊರಟಿತು.

ಯುಗಾದಿಯ ದಿನ ಮಧ್ಯಾಹ್ನ ಟ್ಯಾಂಕರ್ ಬಂತು. ಬೇವು-ಬೆಲ್ಲದಲ್ಲಿ ಬೇವಷ್ಟೇ ಸಿಕ್ಕಿದ್ದ ಜನ ಓಡಿ ಬಂದು ಸಾಲು ನಿಂತರೆ, ಚಾಲಕ ಸುಭಾನ ತನ್ನ ಫೋನಿಗೆ ಬಂದಿದ್ದ ಆದೇಶ ತೋರಿಸಿ ಕೈಕಟ್ಟಿ ನಿಂತ. ಅವನೂ ಹೊಟ್ಟೆಪಾಡಿನವನು, ಕೌಸಲ್ಯಾಬಾಯಿಯವರನ್ನು ಚಿಕ್ಕಮ್ಮನೆಂದೇ ಕರೆದ. “ಮೌಶೀ, ನನ್ನ ಮ್ಯಾಲ ಸಿಟ್ಟಾಗಬ್ಯಾಡ್ರಿ. ಈ ಫೋಟೋದಾಗಿನ ಕೊಡಕ್ಕಷ್ಟೇ ಹಾಕಂತ ಹುಕುಂ ಅದ. ತುಂಬಿದ್ದು ಫೋಟೋ ಕಳಸಬೇಕು, ಉಳಿದ ನೀರು ವಾಪಸ್ ಒಯ್ಯಬೇಕು. ಇಲ್ಲಂದ್ರ ನನ್ನ ಬದಲಿ ಇನ್ನೊಬ್ಬ ಬರ್ತಾನ.” ಟ್ಯಾಂಕರಿನ ತಳದಿಂದ ತೊಟ್ಟಿಕ್ಕುತ್ತಿದ್ದ ಹನಿಗಳಿಗೆ ಆಗಲೇ ಒಂದು ನಾಯಿ ನಾಲಗೆ ಒಡ್ಡಿತ್ತು, ಅದರ ಫೋಟೋ ಯಾರೂ ಕೇಳಿರಲಿಲ್ಲ. ಕೌಸಲ್ಯಾಬಾಯಿಯವರು ಆ ಫೋನನ್ನು ಇಸಿದುಕೊಂಡು, ಕಣ್ಣಿಗೆ ಹತ್ತಿರ ಹಿಡಿದು, ದೂರ ಹಿಡಿದು, “ತಮ್ಮಾ, ಇದರಾಗ ಕೊಡದ ಮಾರಿ ಅದ. ನನ್ನ ಮಾರಿ ಎಲ್ಲದ?” ಎಂದರು. ಸುಭಾನ ನೋಡಿದ. ಯಾರ ಮುಖವೂ ಇರಲಿಲ್ಲ. “ಮತ್ತ ಕೊಡ ಬಂದ್ರ ಹಾಕಬೇಕು. ಯಾರ ಕೈಯಾಗ ಬಂತು ಅಂತ ಕೇಳಂದಾರೇನು?” ಎಂದರು ಕೌಸಲ್ಯಾಬಾಯಿಯವರು.

ಸುಭಾನ ಆದೇಶವನ್ನು ಮೊದಲಿನಿಂದ ಇನ್ನೊಮ್ಮೆ ಓದಿ ನಕ್ಕು, ನಳದ ತಿರುಪಿಗೆ ಕೈಹಾಕಿದ. ಆ ಮಧ್ಯಾಹ್ನವಿಡೀ ಒಂದೇ ಹಿತ್ತಾಳೆ ಕೊಡ ಹನ್ನೊಂದು ತಲೆಗಳ ಮೇಲೆ ಓಡಾಡಿತು. ಒಬ್ಬರು ಮನೆಯ ಹಂಡೆಗೆ ಸುರಿದು ಬರುವುದರೊಳಗೆ ಇನ್ನೊಬ್ಬರು ಬಾಗಿಲಲ್ಲಿ ಕೈಚಾಚಿ ನಿಂತಿರುತ್ತಿದ್ದರು. ಶಿವರಾಜಪ್ಪನವರು ಆಯುಷ್ಯದಲ್ಲೇ ಮೊದಲ ಸಲ ಕೊಡ ಹೊತ್ತು, ಅರ್ಧ ನೀರನ್ನು ಅಂಗಿಗೇ ಕುಡಿಸಿದಾಗ, “ಅಣ್ಣಾರ, ನೀವು ತುಂಬಿದ ಕೊಡ ಅಲ್ಲ ಬಿಡ್ರಿ!” ಎಂದು ಹೆಂಗಸರು ಕಿಸಕ್ಕೆಂದರು. ಸಂಜೆಗೆ ಟ್ಯಾಂಕರ್ ಒಣಗಿತ್ತು, ಕೊಡದ ಕಂಠ ಎರಡು ಕಡೆ ನೆಗ್ಗಿತ್ತು. ಮರುದಿನ ಬಂದ ಮುಕಾದಮ ಗಳಿಗೆಗೊಮ್ಮೆ ಹಾರ್ನ್ ಹೊಡೆದು, ಯಾರೂ ಹತ್ತದ್ದನ್ನು ಕಂಡು, ನಮ್ಮ ಏಳಿಗೆಯ ಬಗ್ಗೆ ಹಲವು ಮಾತುಗಳನ್ನಾಡಿ ಹೋದ. ಮುಂದಿನ ತಿಂಗಳು ಬರುತ್ತಾನಂತೆ.

ಆದ್ದರಿಂದ ಪೂಜ್ಯರಲ್ಲಿ ಕೆಲವು ವಿನಂತಿಗಳು. ತಾವು ಸಾಹೇಬರಿಂದ ಪ್ರತ್ಯೇಕವಾಗಿ ವರ್ಗಾವಣೆ ಪಡೆದು, ವಾರಕ್ಕೊಂದು ದಿನವಾದರೂ ಖುದ್ದಾಗಿ ಕುರ್ಚಿಯಲ್ಲಿ ಕುಳಿತು ಅಹವಾಲು ಆಲಿಸಬೇಕು. ಶುಭೋದಯ ಕಳಿಸುವವರ ಬಳಿ, ಹೂವಿನ ಬದಲು ಆ ಗಿಡಕ್ಕೆ ಹಾಕಿದ ನೀರನ್ನೇ ಕಳಿಸುವಂತೆ ಕೋರಬೇಕು. ಇನ್ನೊಂದು ದೊಡ್ಡದು. ತಮ್ಮ ಬ್ಯಾಟರಿ ಇಳಿದು ಕೆಂಪು ಗೆರೆ ಕಂಡೊಡನೆ ಸಾಹೇಬರು ಉಣ್ಣುವ ಅನ್ನ ಬಿಟ್ಟು ಚಾರ್ಜರಿಗಾಗಿ ಓಡುವುದನ್ನು ನಾವು ಕಣ್ಣಾರೆ ಕಂಡಿದ್ದೇವೆ. ನಮ್ಮ ಬಾವಿಗೂ ಅಂಥದೊಂದು ಕೆಂಪು ಗೆರೆ ಕೊಡಿಸಿ, ಅದು ಇಳಿದಾಗಲೆಲ್ಲ ಅವರ ಎದೆಯ ಮೇಲೆಯೇ ಕೂಗುವ ಹಾಗೆ ಮಾಡಬೇಕು. ಹನ್ನೊಂದು ಮನೆಗೆ ಹನ್ನೊಂದು ಕೊಡದ ಜಾಗ ತಮ್ಮೊಳಗೆ ಇಲ್ಲವೇ ಇಲ್ಲವೆಂದಾದರೆ ದಯವಿಟ್ಟು ಹಾಗೆಂದು ಬರೆದುಕೊಡಿ. ಅದನ್ನು ಇಡಲು ನಾವೊಂದು ಅಲಮಾರಿ ಕೊಳ್ಳುತ್ತೇವೆ.

ತಮ್ಮ ನೆನಪಿನಲ್ಲಿ ಸ್ಥಳವಿಲ್ಲದಿದ್ದರೂ ಹೊರಗೆ ನಿಂತುಕೊಂಡೇ ಇರುವ,
ತಮ್ಮ ವಿಶ್ವಾಸಿ,
ಮಚ್ಛೇಂದ್ರ
(ಹನ್ನೊಂದು ಮನೆಗಳ ಪರವಾಗಿ)

ತಾ.ಕ.: ಸುಭಾನ ನಿನ್ನೆ ಬಂದಾಗ ಒಂದು ಸುದ್ದಿ ತಂದ. ಅವನು ಕಳಿಸಿದ ಆ ತುಂಬಿದ ಕೊಡದ ಫೋಟೋವನ್ನು ತಾವು ಅಳಿಸಿಲ್ಲವಂತೆ. ನೀರು ತಲುಪಿದ ಊರುಗಳ ವರದಿಯಲ್ಲಿ, ಟ್ಯಾಂಕರ್ ಮುಖವನ್ನೇ ನೋಡದ ಔರಾದ ಕಡೆಯ ಹಳ್ಳಿಗಳ ಹೆಸರಿನಡಿಯೂ ಅದನ್ನೇ ಅಂಟಿಸಲಾಗಿದೆಯಂತೆ. ಖಾಲಿ ಕೊಡಗಳಿಗೆ ಇಲ್ಲದ ಜಾಗ ತುಂಬಿದ ಕೊಡಕ್ಕೆ ಅಷ್ಟೊಂದು ಸಿಕ್ಕಿದ್ದಕ್ಕೆ ಅಭಿನಂದನೆಗಳು. ಕೌಸಲ್ಯಾಬಾಯಿಯವರು ಮಾತ್ರ ನೆಗ್ಗಿದ ಕೊಡವನ್ನು ಮಡಿಲಲ್ಲಿಟ್ಟುಕೊಂಡು ಹೀಗೆಂದರು, ಇದ್ದದ್ದು ಇದ್ದಂತೆ ಬರೆದಿದ್ದೇನೆ: “ನನಗೊಂದು ಮಾತೂ ಹೇಳದಂಗ ಔರಾದ ಎಲ್ಲಾ ತಿರುಗಿ ಬಂತಲ್ಲ ನನ್ನ ಕೊಡ, ಬರೂ ಮುಂದ ಅಲ್ಲಿಂದ ಒಂದು ಕೊಡ ನೀರರ ತರಬಾರದಿತ್ತೇನು?”